ಅರೆ ಎಣಿಕೆಯ ಲೆನ್ಸ್

ಒಂದು ಬೆಳಗ್ಗೆ ಕಂದಲಗಿರಿ ರಾಜ್ಯದಲ್ಲಿ ಸೂರ್ಯ ಅರ್ಧವೇ ಹುಟ್ಟಿದ.

ಉಳಿದರ್ಧವನ್ನು ಕಾಡಿಗೆರಾಯನೆಂಬ ಮಾಂತ್ರಿಕ ಕೊಯ್ದುಕೊಂಡು ಹೋಗಿ, ಮಸಿಬೆಟ್ಟದ ಗುಹೆಯಲ್ಲಿ ಒಂದು ಗಡಿಗೆಯೊಳಗೆ ಮುಚ್ಚಿಟ್ಟಿದ್ದ. ಅಂದಿನಿಂದ ನಡುಮಧ್ಯಾಹ್ನವೂ ಮುಸ್ಸಂಜೆಯ ಹಾಗಿತ್ತು. ಭತ್ತ ಕಾಳು ಕಟ್ಟಲಿಲ್ಲ. ಕೋಳಿಗಳು ಮೊಟ್ಟೆ ಇಡಲಿಲ್ಲ.

ಆಮೇಲೆ ಜನರ ಮುಖಗಳು ಹೋಗತೊಡಗಿದವು. ಮೊದಲ ದಿನ ತಲೆ ನಡುಗುತ್ತಿತ್ತು. ಮೂರನೆಯ ದಿನ ಹುಬ್ಬು ಮಾಸುತ್ತಿತ್ತು. ಆರನೆಯ ದಿನ ಮುಖವೆಲ್ಲ ಹೊಗೆ ಹಿಡಿದ ಗೋಡೆಯಂತಾಗುತ್ತಿತ್ತು. ಒಂಬತ್ತನೆಯ ದಿನ ಅಲ್ಲಿ ಏನೂ ಇರುತ್ತಿರಲಿಲ್ಲ. ಆ ದಿನ ಕಾಡಿಗೆರಾಯ ಬರುತ್ತಿದ್ದ. ಮುಖ ಹೋದವರು ಅವನ ಹಿಂದೆ ನಡೆದು ಹೋಗಿ ಬೆಟ್ಟದಲ್ಲಿ ಮಸಿ ಅರೆಯುತ್ತಿದ್ದರು. ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ.

ರಾಜಗುರು ಹಳೆಯ ಓಲೆಗಳನ್ನು ಬಿಚ್ಚಿ ಒಂದು ದಾರಿ ಕಂಡ. ಮುಖ ಪೂರಾ ಅಳಿಯುವ ಮೊದಲು ಅದನ್ನು ಫಿಲಂ ಮೇಲೆ ಹಿಡಿದರೆ, ಹಿಡಿದ ಹಾಗೆಯೇ ನಿಲ್ಲುತ್ತದೆ. ಒಮ್ಮೆ ನಿಂತದ್ದು ಮತ್ತೆ ಬದಲಾಗದು.

ಅರಮನೆಯಲ್ಲಿ ಫೋಟೋ ತೆಗೆಯುವವನ ಹೆಸರು ಬೊಪ್ಪ. ಅವನ ಕ್ಯಾಮೆರಾ ಮುತ್ತಜ್ಜನ ಕಾಲದ್ದು. ಮನೆಯಲ್ಲಿ ಅವನೂ ತಂಗಿ ನಾಗಲೆಯೂ ಇಬ್ಬರೇ. ಅವನು ಚಿತ್ರ ತೆಗೆದರೆ ಅವಳು ಒಂದೆಳೆ ಕೂದಲಿನ ಕುಂಚದಿಂದ ಅದರ ಚುಕ್ಕೆ, ಗೀರುಗಳನ್ನು ತಿದ್ದುತ್ತಿದ್ದಳು. ಅವಳ ಕಣ್ಣಿಗೆ ಬೀಳದ ಗೀರು ಇರಲಿಲ್ಲ.

ಮೊದಲು ರಾಜ ಬಂದು ಕೂತ. ಕ್ಯಾಮೆರಾದ ಲೆನ್ಸ್ ಸಣ್ಣ ಬಾಯಿಯದು, ಒಳಗೆ ಬಿಡುವ ಬೆಳಕು ಕಡಿಮೆ. ಇಡೀ ಸೂರ್ಯನಿದ್ದಾಗ ಒಂದು ಎಣಿಸುವುದರೊಳಗೆ ಚಿತ್ರ ಬೀಳುತ್ತಿತ್ತು. ಈಗ ಹನ್ನೆರಡು ಎಣಿಸಬೇಕಿತ್ತು. ನಡುಗುವ ತಲೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಏಳನೆಯ ಎಣಿಕೆಗೆ ರಾಜನ ಕತ್ತು ಹೊರಳಿತು. ತೊಳೆದ ಫಿಲಂನಲ್ಲಿ ಮೂಗು ಎರಡಿದ್ದವು. ಸಂಜೆಯೊಳಗೆ ರಾಜನಿಗೂ ಎರಡು ಮೂಗು ಬಂದವು. ಆಸ್ಥಾನದಲ್ಲಿ ಯಾರೂ ನಗಲಿಲ್ಲ. ಫೋಟೋ ತೆಗೆಸಲು ಮತ್ತೆ ಯಾರೂ ಬರಲೂ ಇಲ್ಲ.

ಒಂದು ದಿನ ಊಟಕ್ಕೆ ಕೂತಾಗ ನಾಗಲೆಯ ತಲೆ ನಡುಗಿತು.

ಬೊಪ್ಪ ಅನ್ನ ಬಿಟ್ಟು ಎದ್ದ. ಹರಳುಕೊಳ್ಳದಲ್ಲಿ ಹರಿಯಲೆ ಎಂಬ ಮುದುಕಿ ಇದ್ದಳು. ಹಿಂದಿನ ರಾಜರಿಗೆ ಲೆನ್ಸ್ ಉಜ್ಜಿ ಕೊಡುತ್ತಿದ್ದವಳು. ಅಗಲ ಬಾಯಿಯ ಲೆನ್ಸ್ ಬೇಕೆಂದರೆ ಅಲ್ಲಿಗೇ ಹೋಗಬೇಕು. ಪಕ್ಕದ ಮನೆಯವರಿಗೆ ತಂಗಿಯನ್ನು ನೋಡಿಕೊಳ್ಳಲು ಹೇಳಿ, ಕ್ಯಾಮೆರಾ ಬೆನ್ನಿಗೆ ಕಟ್ಟಿಕೊಂಡು ಹೊರಟ. ನಾಗಲೆ ಬಾಗಿಲ ತನಕ ಬಂದಳು.

"ಅಣ್ಣಾ, ತಡವಾದರೂ ಪರವಾಗಿಲ್ಲ. ಎರಡು ಮೂಗು ಮಾತ್ರ ಬೇಡ" ಎಂದಳು.

ಮೂರು ದಿನ ನಡೆದ. ಹರಿಯಲೆ ಕೊಳ್ಳದ ಬಾಯಲ್ಲಿ ಗಾಜಿನ ಪುಡಿಯ ರಾಶಿಯ ಮೇಲೆ ಕೂತಿದ್ದಳು. ಬಂದ ಕೆಲಸ ಕೇಳಿದಳು. ಇವನು ಹೇಳಿದ. ಕಳ್ಳರ ಕಾಟಕ್ಕೆ ತನ್ನ ಕೊನೆಯ ಮೂರು ಲೆನ್ಸುಗಳನ್ನು ಮೂರು ಪ್ರಾಣಿಗಳ ಕಣ್ಣಲ್ಲಿ ಇಟ್ಟಿರುವುದಾಗಿ ಅವಳು ತಿಳಿಸಿದಳು. ಕೊಕ್ಕರೆಯ ಕಣ್ಣಿಗೆ ಆರು ಎಣಿಸಬೇಕು. ಆಮೆಯ ಕಣ್ಣಿಗೆ ಮೂರು. ಚಿರತೆಯ ಕಣ್ಣಿಗೆ ಅರ್ಧ ಸಾಕು. ಯಾವ ಕಣ್ಣಿಗೆ ಎಷ್ಟು ಎಣಿಕೆಯೋ ಅಷ್ಟು ಹೊತ್ತು ಆ ಪ್ರಾಣಿಯ ಮುಂದೆ ಅಲುಗಾಡದೆ ನಿಲ್ಲಬೇಕು. ನಿಂತರೆ ಕಣ್ಣು ಅವನದು. ಆದರೆ ಕೊಳ್ಳ ದಾಟಿ ಒಯ್ಯಬಹುದಾದದ್ದು ಒಂದೇ ಕಣ್ಣು.

ಕೊಕ್ಕರೆ ಕೆರೆಯಂಚಿನಲ್ಲಿತ್ತು. ಅವನ ರೆಪ್ಪೆಯ ಮೇಲೆ ಕೊಕ್ಕು ಊರಿತು. ಬೊಪ್ಪ ನಾಲ್ಕರ ತನಕ ನಿಂತ. ಐದಕ್ಕೆ ರೆಪ್ಪೆ ಮಿಸುಕಿತು. ಕೊಕ್ಕರೆ ಹಾರಿ ಹೋಯಿತು.

ಆಮೆ ಬಂಡೆಯ ಕೆಳಗಿತ್ತು. ಕೈ ಬಾಯೊಳಗಿಡು ಎಂದಿತು. ಇಟ್ಟ. ಆಮೆ ಕಚ್ಚಿ ಹಿಡಿದು ನಿಧಾನವಾಗಿ ಮೂರು ಎಣಿಸಿತು. ಕಿರುಬೆರಳಿನ ಮೂಳೆ ಮುರಿಯಿತು. ಬೊಪ್ಪ ಅಲುಗಲಿಲ್ಲ. ಆಮೆ ಕಣ್ಣು ಬಿಚ್ಚಿ ಕೊಟ್ಟಿತು. ಲೆನ್ಸ್ ಚೊಕ್ಕಟವಾಗಿತ್ತು, ಅಂಚಿನಲ್ಲಿ ಒಂದು ಗೀರು ಮಾತ್ರ. ಕ್ಯಾಮೆರಾಕ್ಕೆ ತಿರುಗಿಸಿದರೆ ಸರಿಯಾಗಿ ಕೂತಿತು.

ಹರಿಯಲೆ ಅದನ್ನು ತೆಗೆದುಕೊಂಡು ಮನೆಗೆ ಹೋಗು ಎಂದಳು. ಬೊಪ್ಪ ಹೋಗಲಿಲ್ಲ.

"ಮೂರು ಎಣಿಸುವಷ್ಟು ಹೊತ್ತು ಅವಳ ತಲೆ ನಿಲ್ಲುವುದಿಲ್ಲ ಅಜ್ಜಿ" ಎಂದ.

"ಗಲ್ಲದ ಕೆಳಗೆ ಕೋಲು ಕೊಡು. ನಿಲ್ಲುತ್ತದೆ."

"ನಿಲ್ಲದಿದ್ದರೆ?"

"ಬಾಯಿ ಅಗಲವಾದಷ್ಟೂ ಹಿಡಿತ ತೆಳ್ಳಗಾಗುತ್ತದೆ ಕಣಪ್ಪ. ಚಿರತೆಯ ಕಣ್ಣು ಒಂದು ಅಕ್ಕಿಕಾಳಿನ ದಪ್ಪವನ್ನಷ್ಟೇ ಹಿಡಿಯುತ್ತದೆ. ಅದರ ಮುಂದಿನದು ಮಂಜು, ಹಿಂದಿನದೂ ಮಂಜು. ಬಾಯಿ ಕಿರಿದು ಮಾಡೋಣವೆಂದರೆ ಅದನ್ನು ಮುಚ್ಚುವ ತಗಡಿನ ಎಸಳುಗಳು ತುಕ್ಕು ಹಿಡಿದು ಕೂತಿವೆ."

"ಮುಖವೇನು ಗುಡ್ಡವೇ?"

"ಹತ್ತಿರದಿಂದ ಗುಡ್ಡವೇ" ಎಂದಳು ಮುದುಕಿ.

ಬೊಪ್ಪನ ಕಣ್ಣ ಮುಂದೆ ರಾಜನ ಎರಡು ಮೂಗು ಇದ್ದವು. ಆಮೆಯ ಕಣ್ಣನ್ನು ಆಮೆಗೆ ತಿರುಗಿ ಕೊಟ್ಟ. ಅದು ಇವನನ್ನು ಒಂದು ಸಲ ನೋಡಿ ಕತ್ತು ಒಳಗೆ ಎಳೆದುಕೊಂಡಿತು.

ಚಿರತೆ ಕೊಳ್ಳದ ತಲೆಯಲ್ಲಿತ್ತು. ನೇರ ಅವನ ಮೇಲೆ ಹಾರಿತು. ಅರೆ ಎಣಿಕೆಯಲ್ಲಿ ಅದರ ಉಗುರು ಬೊಪ್ಪನ ಎಡಗಿವಿಯನ್ನು ಕಿತ್ತುಕೊಂಡು ಹೋಯಿತು. ಬೊಪ್ಪ ನಿಂತೇ ಇದ್ದ. ಚಿರತೆ ಹಿಂದಿರುಗಿ ಬಂದು ಕಣ್ಣು ಕೊಟ್ಟಿತು. ಬಟ್ಟಲಿನಷ್ಟು ದೊಡ್ಡ ಲೆನ್ಸ್. ಅದರ ಕೊರಳು ಕ್ಯಾಮೆರಾಕ್ಕೆ ಹೊಂದಲಿಲ್ಲ. ಅರಗು ಕಾಯಿಸಿ ಕೂರಿಸಿಕೊಂಡ.

ಮನೆ ಮುಟ್ಟಿದಾಗ ಏಳನೆಯ ದಿನ ನಡೆಯುತ್ತಿತ್ತು. ನಾಗಲೆಯ ಮುಖ ತೊಳೆದ ಸ್ಲೇಟಿನಂತಿತ್ತು. ಹತ್ತಿರ ಹೋದರೆ ಗೆರೆಗಳಿನ್ನೂ ಕಾಣುತ್ತಿದ್ದವು. ಕಿವಿ ಎಲ್ಲಿ ಎಂದು ಅವಳು ಕೇಳಿದಳು. ಚಿರತೆಗೆ ಕೊಟ್ಟೆ ಎಂದ. ಅಲ್ಲಿಗೆ ಇನ್ನು ಮುಂದೆ ತಾನು ಬೈದದ್ದು ಅರ್ಧವೇ ಕೇಳುತ್ತದೆ ಎಂದಳು. ಆಮೆ ಎಷ್ಟು ದೊಡ್ಡದಿತ್ತು, ಮುದುಕಿ ಊಟ ಹಾಕಿದಳೋ ಇಲ್ಲವೋ, ಎಲ್ಲ ಕೇಳಿದಳು. ಮಾತಿನ ಉದ್ದಕ್ಕೂ ತಲೆ ನಡುಗುತ್ತಿತ್ತು.

ನಡುಹಗಲಿಗೆ ಅವಳನ್ನು ಅಂಗಳದಲ್ಲಿ ಕೂರಿಸಿದ. ಹಣೆಗೆ ಬೊಟ್ಟು ಇಟ್ಟ.

ಕಂದಲಗಿರಿಯಲ್ಲಿ ಬೊಟ್ಟಿಗೇ ಫೋಕಸ್ ಮಾಡುವುದು ಪದ್ಧತಿ. ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೆ. ಹಳೆಯ ಲೆನ್ಸಿನಲ್ಲಿ ಬೊಟ್ಟು ನಿಚ್ಚಳವಾದರೆ ಕಿವಿಯ ಓಲೆಯ ತನಕ ಎಲ್ಲವೂ ನಿಚ್ಚಳ. ಬೇರೇನನ್ನೂ ನೋಡಬೇಕಾಗಿರಲಿಲ್ಲ. ಬೊಪ್ಪ ಕರಿಬಟ್ಟೆಯೊಳಗೆ ತಲೆ ಹಾಕಿದ. ಲೆನ್ಸ್ ತಿರುಗಿಸಿದ. ಬೊಟ್ಟಿನ ಅಂಚು ಚೂಪಾಗಿ ಬಂತು. ಅಷ್ಟು ಚೂಪಾದ ಬೊಟ್ಟನ್ನು ಅವನು ಎಂದೂ ಕಂಡಿರಲಿಲ್ಲ. ಅರ್ಧ ಎಣಿಸಿ ಮುಚ್ಚಿದ.

ನಾಗಲೆಯ ತಲೆಯ ನಡುಕ ನಿಂತಿತು. ಬೊಪ್ಪ ಕತ್ತಲಕೋಣೆಗೆ ಹೋಗಿ ಫಿಲಂ ತೊಳೆದ. ಮೂಗು ಒಂದೇ ಇತ್ತು. ಅವನಿಗೆ ಉಸಿರು ಬಂತು. ಫಿಲಂ ಹಿಡಿದುಕೊಂಡು ಬೆಳಕಿಗೆ ಬಂದ. ಬೊಟ್ಟು ನಿಚ್ಚಳವಾಗಿತ್ತು. ಹಣೆಯ ಒಂದೊಂದು ಕೂದಲೂ ನಿಚ್ಚಳವಾಗಿತ್ತು. ಕಣ್ಣುಗಳು ಬೊಟ್ಟಿಗಿಂತ ಎರಡು ಅಕ್ಕಿಕಾಳಿನಷ್ಟು ಒಳಗಿದ್ದವು. ಅವು ಮಂಜಾಗಿದ್ದವು.

ಅಂಗಳದಿಂದ ನಾಗಲೆ ಕೂಗಿದಳು. "ಅಣ್ಣಾ, ಒಲೆಯಲ್ಲಿ ಏನು ಹಾಕಿದೀಯ? ಮನೆಯೆಲ್ಲ ಹೊಗೆ."

ಒಲೆ ಆರಿತ್ತು. ಬೊಪ್ಪ ಬಂದು ಎದುರಿಗೆ ಕೂತ. ಅವಳು ಕೈ ಚಾಚಿ ಫಿಲಂ ಕೇಳಿದಳು, ಕುಂಚ ಕೇಳಿದಳು, ಏನಿದ್ದರೂ ತಿದ್ದಿಬಿಡುತ್ತೇನೆ ಎಂದಳು. ಕುಂಚದ ತುದಿ ಅವಳಿಗೆ ಕಾಣಲಿಲ್ಲ. ಫಿಲಂ ಎಲ್ಲಿ ಮುಗಿಯುತ್ತದೆ, ಬೆರಳು ಎಲ್ಲಿ ಶುರುವಾಗುತ್ತದೆ ಎಂಬುದೂ ಕಾಣಲಿಲ್ಲ. ಎರಡನ್ನೂ ಕೆಳಗಿಟ್ಟಳು.

"ಬೊಟ್ಟಿಗೆ ಮಾಡಿದೆಯಾ?"

"ಹೂಂ."

"ಅಪ್ಪನೂ ಅಲ್ಲಿಗೇ ಮಾಡುತ್ತಿದ್ದ" ಎಂದಳು.

ಒಂಬತ್ತನೆಯ ದಿನ ಮಧ್ಯಾಹ್ನ ಕಾಡಿಗೆರಾಯ ಬಂದ. ಅವನ ಮುಖವನ್ನು ಕಂಡವರು ಯಾರೂ ಇರಲಿಲ್ಲ. ನೊಣದ ರೆಕ್ಕೆಯ ಹಾಗೆ ಅದು ಸದಾ ಅಲುಗುತ್ತಿತ್ತು. ನಾಗಲೆಯ ಹತ್ತಿರ ಬಗ್ಗಿ ನೋಡಿದ. ಈ ಮುಖ ಆಗಲೇ ನಿಂತುಬಿಟ್ಟಿದೆ, ತನಗೆ ಬೇಡ ಎಂದ. ಗೋಡೆಗೆ ಒರಗಿಸಿದ್ದ ಫಿಲಂ ನೋಡಿ ಬೊಟ್ಟು ಬಹಳ ಚೆನ್ನಾಗಿ ಬಂದಿದೆ ಎಂದು ನಕ್ಕ. ಇನ್ನು ಅಣ್ಣನದು, ತಾನು ಕಾಯುತ್ತೇನೆ ಎಂದ. ಆಗಲೇ ಬೊಪ್ಪನ ತಲೆ ನಡುಗತೊಡಗಿತ್ತು.

ಬೊಪ್ಪ ಕುರ್ಚಿ ಎಳೆದು ಹಾಕಿದ.

"ಕಾಯುವುದಾದರೆ ಕೂತುಕೋ. ನಿನ್ನದೊಂದು ತೆಗೆಯುತ್ತೇನೆ."

"ರಾಜನದು ತೆಗೆದವನು ನೀನೇ ಅಲ್ಲವೇ? ಹನ್ನೆರಡು ಎಣಿಸುವಷ್ಟರಲ್ಲಿ ನನಗೆ ನೂರು ಮುಖ ಆಗುತ್ತದೆ. ತೆಗಿ. ಎಷ್ಟು ಮೂಗು ಬರುತ್ತವೆ ನೋಡೋಣ."

ಕೂತ. ಅವನ ಹಣೆಯಲ್ಲಿ ಬೊಟ್ಟು ಇರಲಿಲ್ಲ. ಬೊಪ್ಪ ಕರಿಬಟ್ಟೆಯೊಳಗಿಂದ ಕಣ್ಣು ಹುಡುಕಿದ. ನಡುಗುವ ತಲೆಯನ್ನು ಕ್ಯಾಮೆರಾದ ಮರಕ್ಕೆ ಒತ್ತಿ ಹಿಡಿದ. ಆ ಅಲುಗಾಟದಲ್ಲಿ ಕಣ್ಣು ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ತೆರೆದ. ಅರ್ಧ ಎಣಿಸಿದ. ಮುಚ್ಚಿದ.

ಕುರ್ಚಿಯಲ್ಲಿ ಐವತ್ತು ವರ್ಷದ ಒಬ್ಬ ಗಂಡಸು ಕೂತಿದ್ದ. ಎಡಗೆನ್ನೆಯಲ್ಲಿ ಸಿಡುಬಿನ ಕಲೆ. ಅವನು ಎರಡೂ ಕೈಯಿಂದ ತನ್ನ ಮುಖ ಮುಟ್ಟಿ ನೋಡಿಕೊಂಡ. ಹೊಗೆಯಾಗಿ ಮಾಯವಾಗಲು ನೋಡಿದ, ಆಗಲಿಲ್ಲ. ಏಳಲು ಹೋಗಿ ಮುಗ್ಗರಿಸಿದ. ಅತ್ತ.

ರಾಜಭಟರು ಅವನನ್ನು ಹಗ್ಗ ಕಟ್ಟಿ ಮಸಿಬೆಟ್ಟಕ್ಕೆ ಒಯ್ದರು. ಅವನ ಕೈಯಿಂದಲೇ ಗಡಿಗೆ ತೆರೆಸಿದರು. ಮರುದಿನ ಸೂರ್ಯ ಇಡಿಯಾಗಿ ಹುಟ್ಟಿದ. ಬೊಪ್ಪನ ನಡುಕ ನಿಂತಿತು. ಬೆಟ್ಟದಲ್ಲಿ ಮಸಿ ಅರೆಯುತ್ತಿದ್ದವರಿಗೆಲ್ಲ ಮುಖ ಬಂತು. ಮೊದಲಿದ್ದ ಮುಖವೇ, ಒಂದು ಮಚ್ಚೆಯೂ ಕಡಿಮೆಯಿಲ್ಲದೆ. ಅವರು ಇಳಿದು ಮನೆಮನೆಗೆ ಹೋದರು. ಫಿಲಂ ಮೇಲೆ ನಿಂತಿದ್ದ ಮುಖಗಳು ಮಾತ್ರ ಹಾಗೆಯೇ ಉಳಿದವು. ರಾಜ ಎರಡು ಮೂಗಿಟ್ಟುಕೊಂಡೇ ಆಳಿದ. ಆ ವರ್ಷ ಭತ್ತ ಚೆನ್ನಾಗಿ ಬಂತು. ಊರವರು ಸುಖವಾಗಿದ್ದರು.

ಅಣ್ಣನ ಮುಖ ಹೇಗಿತ್ತು ಎಂಬುದು ನಾಗಲೆಗೆ ನಾಲ್ಕು ವರ್ಷ ನೆನಪಿತ್ತು. ಆಮೇಲೆ ಮರೆಯಿತು.