ಗೋಡೆ ಒಡೆಯಬೇಕಿದ್ದ ಶನಿವಾರ

ಸ್‌ಸ್‌ಸ್‌...

ಗುಬ್ಬಿ ಹಾಸಿಗೆಯಲ್ಲಿ ಎದ್ದು ಕೂತಳು. ಮಧ್ಯರಾತ್ರಿ ದಾಟಿತ್ತು. ಪಕ್ಕದ ಕೋಣೆಯಿಂದ ಅಪ್ಪನ ಗೊರಕೆ ಕೇಳುತ್ತಿತ್ತು. ಒಂದು ಗೊರಕೆಗೂ ಇನ್ನೊಂದು ಗೊರಕೆಗೂ ನಡುವೆ ಮತ್ತೆ ಅದೇ ಸದ್ದು. ಯಾರೋ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ ಹಾಗೆ. ಇಪ್ಪತ್ತು ಎಣಿಸುವಷ್ಟರಲ್ಲಿ ಅದು ನಿಂತುಹೋಯಿತು.

"ಅಮ್ಮಾ, ಬಾತ್‌ರೂಮಲ್ಲಿ ಏನೋ ಉಸಿರಾಡ್ತಿದೆ."

"ಉಸಿರಾಡ್ಲಿ ಬಿಡು. ನೀನು ಮಲಕ್ಕೋ," ಎಂದಳು ಅಮ್ಮ, ಕಣ್ಣು ಬಿಡದೆ.

ಮೂರು ದಿನ ಕಳೆದ ಮೇಲೆ ನೀರಿನ ಬಿಲ್ ಬಂತು. ಅಮ್ಮ ಅದನ್ನು ಹತ್ತಿರ ಹಿಡಿದು ಓದಿದಳು, ದೂರ ಹಿಡಿದು ಓದಿದಳು. ಹಿಂದುಮುಂದು ತಿರುಗಿಸಿದಳು.

"ಮೂರು ಪಟ್ಟು ಬಂದಿದೆ! ನಾವೇನು ಮನೇಲಿ ಆನೆ ಸಾಕಿದ್ದೀವಾ?"

ಅಪ್ಪ ಬಸ್ ಡ್ರೈವರ್. ಯಾವುದೇ ಗಾಡಿ ಕೆಟ್ಟರೂ ಮೊದಲು ಮೀಟರ್ ನೋಡಬೇಕು ಎನ್ನುವವನು. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ಗೇಟಿನ ಬಳಿಯ ನೀರಿನ ಮೀಟರ್ ಮುಂದೆ ಕುಕ್ಕರಗಾಲಲ್ಲಿ ಕೂತ. ಮೀಟರಿನ ಗಾಜಿನ ಒಳಗೆ ಒಂದು ಪುಟ್ಟ ಕೆಂಪು ನಕ್ಷತ್ರವಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ ಅದು, ಆಮೇಲೆ ಮೆಲ್ಲಗೆ ತಿರುಗತೊಡಗಿತು.

"ಎಲ್ಲೋ ಸೋರ್ತಿದೆ," ಎಂದ ಅಪ್ಪ. "ಪ್ಲಂಬರನ್ನ ಕರೀಬೇಕು."

ಪ್ಲಂಬರ್ ಎಂದರೆ ಬೇರೆ ಯಾರೂ ಅಲ್ಲ, ಗುಬ್ಬಿಯ ಕ್ಲಾಸಿನ ಮೈಕ್‌ಳ ಅಪ್ಪ. ಆ ಹುಡುಗಿ ಗುಟ್ಟು ಹೇಳಿದರೂ ಮೂರು ಬೆಂಚಿಗೆ ಕೇಳಿಸುತ್ತಿತ್ತು. ಅದಕ್ಕೇ ಆ ಹೆಸರು.

ಅವರು ಬಂದಾಗ ಮನೆಯಲ್ಲಿ ಸಂತೆಯೋ ಸಂತೆ. ಅಮ್ಮ ಹಗಲು ಹೊತ್ತು ಆರು ಪುಟಾಣಿಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಒಬ್ಬ ಅಳುತ್ತಿದ್ದ, ಒಬ್ಬಳು ಪಾತ್ರೆ ಬಡಿಯುತ್ತಿದ್ದಳು, ಇನ್ನೊಬ್ಬ ಪ್ಲಂಬರ್ ಅಂಕಲ್‌ರ ಸ್ಪ್ಯಾನರ್ ಎತ್ತಿಕೊಂಡು ಓಡಿಹೋದ.

ಪ್ಲಂಬರ್ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮಂಡಿಯೂರಿ ಕೂತರು. ನಲ್ಲಿ ಮುಟ್ಟಿದರು, ನೆಲ ಮುಟ್ಟಿದರು, ಗೋಡೆ ಮುಟ್ಟಿದರು. ಟಾರ್ಚ್ ಹಿಡಿದು ನಿಂತಿದ್ದವಳು ಗುಬ್ಬಿ.

ಸ್‌ಸ್‌ಸ್‌...

"ಅಂಕಲ್, ಅದೇ! ಅದೇ ಸದ್ದು! ಕೇಳಿಸ್ತಾ?"

ಪ್ಲಂಬರ್ ಕೈ ಎತ್ತಿ ಸುಮ್ಮನಿರು ಎಂದರು. ಗೋಡೆಗೆ ಕಿವಿಯಿಟ್ಟರು. ಹುಬ್ಬು ಗಂಟಿಕ್ಕಿದರು. ತುಂಬಾ ಹೊತ್ತಾದ ಮೇಲೆ ತಲೆಯಾಡಿಸಿದರು.

"ಹ್ಞೂಂ, ಈಗ ಚೆನ್ನಾಗಿ ಕೇಳಿಸ್ತಿದೆ. ಗೋಡೆ ಒಳಗೇ ಪೈಪ್ ಒಡೆದಿದೆ."

ಗುಬ್ಬಿ ಟಾರ್ಚನ್ನು ಅವರ ಕಡೆ ತಿರುಗಿಸಿದಳು. ಅಷ್ಟು ಹೊತ್ತಿಗೆ ಸದ್ದು ನಿಂತುಹೋಗಿತ್ತು. ಆದರೆ ದೊಡ್ಡವರೇ ಕೇಳಿಸುತ್ತಿದೆ ಅಂದಮೇಲೆ, ಚಿಕ್ಕವರು ಇಲ್ಲ ಅನ್ನುವುದು ಹೇಗೆ?

"ಗೋಡೆ ಒಡೀಬೇಕು. ಅರ್ಧ ನೆಲಾನೂ," ಎಂದು ಅವರು ಹಾಲಿಗೆ ಬಂದು ಹೇಳಿದರು. "ಪೈಪ್, ಟೈಲ್ಸು, ಸಿಮೆಂಟು, ಕೂಲಿ ಎಲ್ಲ ಸೇರಿ..." ಅವರು ಹೇಳಿದ ಮೊತ್ತ ಕೇಳಿ ಅಪ್ಪ ಅಲ್ಲೇ ಇದ್ದ ಮಕ್ಕಳ ಸ್ಟೂಲಿನ ಮೇಲೆ ಕೂತುಬಿಟ್ಟ. "ಹತ್ತು ದಿನದ ಕೆಲಸ. ಶನಿವಾರ ಬೆಳಗ್ಗೆ ಏಳಕ್ಕೆ ಶುರು ಮಾಡ್ತೀನಿ."

ಅಮ್ಮನಿಗೆ ದುಡ್ಡಿಗಿಂತ ಆ ಹತ್ತು ದಿನವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ರಾತ್ರಿ ಅವಳು ಅಪ್ಪನಿಗೆ ಹೇಳುತ್ತಿದ್ದುದು ಗುಬ್ಬಿಯ ಕಿವಿಗೆ ಬಿತ್ತು.

"ಬಾತ್‌ರೂಮ್ ಇಲ್ದಿರೋ ಮನೆಗೆ ಯಾರು ಮಕ್ಕಳನ್ನ ಬಿಡ್ತಾರೆ? ಬೀದಿ ಮೂಲೇಲಿ ಹೊಸದಾಗಿ ಒಂದು ಶಿಶುವಿಹಾರ ಶುರುವಾಗಿದ್ಯಲ್ಲ, ಜಾರುಬಂಡೆ ಬೇರೆ ಇಟ್ಟಿದ್ದಾರೆ. ಹತ್ತು ದಿನ ಅಲ್ಲಿ ಜಾರಿದ ಮಕ್ಕಳು ಮತ್ತೆ ಇಲ್ಲಿಗೆ ಬರ್ತಾವಾ?"

ಅಪ್ಪನ ಗೊರಕೆ ಆ ರಾತ್ರಿ ಶುರುವಾಗಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಬ್ಬಿ ಡಬ್ಬಿಯ ಮುಚ್ಚಳ ತೆರೆದು ಹಾಗೇ ಕೂತಿದ್ದಳು.

"ಏನೇ, ಡಬ್ಬೀನ ಕಣ್ಣಲ್ಲೇ ತಿಂತೀಯಾ?" ಎಂದ ಪ್ರೊಫೆಸರ್. ಅವನಿಗೆ ದಪ್ಪ ಕನ್ನಡಕ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧೈರ್ಯದಿಂದ ಹೇಳುತ್ತಿದ್ದ, ಅದಕ್ಕೇ ಕ್ಲಾಸಿನಲ್ಲಿ ಅವನಿಗೆ ಆ ಹೆಸರು.

"ನಮ್ಮನೆ ಬಾತ್‌ರೂಮ್ ಗೋಡೆ ನಾಳೆ ಒಡೀತಾರೆ."

"ಅಷ್ಟೇನಾ? ನಮ್ಮನೆ ಫ್ರಿಜ್ ಸತ್ತು ನಾಲ್ಕು ದಿನ ಆಯ್ತು. ರಿಪೇರಿಯವನು ಬಂದು ಬಾಗಿಲು ತೆಗೆದ, ಬಾಗಿಲು ಹಾಕಿದ, ದುಡ್ಡು ಇಸ್ಕೊಂಡು ಹೋದ. ಈಗ ಅದರಲ್ಲಿ ನಮ್ಮಜ್ಜಿ ಪುಸ್ತಕ ಜೋಡಿಸಿದ್ದಾರೆ."

"ನಮ್ಮನೆ ನಲ್ಲಿ ಆರು ತಿಂಗಳಿಂದ ಸೋರ್ತಿದೆ!" ಎಂದಳು ಮೈಕ್. ಆಚೆ ಮರದ ಕೆಳಗೆ ಕೂತಿದ್ದವರೂ ತಿರುಗಿ ನೋಡಿದರು.

"ಪ್ಲಂಬರ್ ಮನೇಲೇ?"

"ಹ್ಞೂಂ. ಅಮ್ಮ ಅಪ್ಪಂಗೆ, 'ನಿಮ್ಮ ನಂಬರ್ ಕೊಡಿ, ನಾನೂ ಫೋನ್ ಮಾಡಿ ಕರೀತೀನಿ' ಅಂತಾರೆ."

ಗುಬ್ಬಿಗೂ ನಗು ಬಂತು. ಆದರೆ ಅದು ಅರ್ಧಕ್ಕೇ ನಿಂತಿತು. ಅಮ್ಮ ಹೇಳಿದ್ದನ್ನೆಲ್ಲ ಅವಳು ಹೇಳಿಬಿಟ್ಟಳು: ಹತ್ತು ದಿನ, ಆರು ಮಕ್ಕಳು, ಮೂಲೆಯ ಜಾರುಬಂಡೆ.

ಪ್ರೊಫೆಸರ್ ಡಬ್ಬಿಗಳನ್ನು ತೊಳೆಯಲು ಎದ್ದುಹೋದ. ಮೈಕ್ ಕೇಳಿದಳು, "ಟ್ಯಾಂಕ್‌ಗೆ ಬಣ್ಣ ಹಾಕಿ ನೋಡಿದ್ರಾ?"

"ಯಾವ ಬಣ್ಣ?"

"ಅಪ್ಪ ಯಾವಾಗ್ಲೂ ಮೊದಲು ಅದನ್ನೇ ಮಾಡೋದು. ಕಮೋಡಿನ ಫ್ಲಶ್ ಟ್ಯಾಂಕ್‌ಗೆ ಬಣ್ಣ ಹಾಕಿ ಅರ್ಧ ಗಂಟೆ ಸುಮ್ನಿರ್ತಾರೆ. ಫ್ಲಶ್ ಮಾಡ್ದೇನೇ ಬಣ್ಣ ಕೆಳಗೆ ಬಂದ್ರೆ ಟ್ಯಾಂಕೊಳಗಿನ ರಬ್ಬರ್ ಸವೆದಿದೆ ಅಂತ. ಗೋಡೆ ತಂಟೆಗೇ ಹೋಗ್ಬೇಕಾಗಿಲ್ಲ."

"ನಮ್ಮನೇಲಿ ಹಾಕ್ಲಿಲ್ಲ. ಸದ್ದು ಗೋಡೆ ಒಳಗಿಂದಾನೇ ಕೇಳಿಸ್ತಿದೆ ಅಂದ್ರು."

ಮೈಕ್ ಚಪ್ಪಲಿಯ ಬಾರನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಆಮೇಲೆ, ಗುಬ್ಬಿ ಹಿಂದೆಂದೂ ಕೇಳಿರದ ಸಣ್ಣ ದನಿಯಲ್ಲಿ, "ನೀನೇ ಹಾಕಿ ನೋಡೇ," ಎಂದಳು. "ಅಪ್ಪ ಬರೋದಕ್ಕೆ ಮುಂಚೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ. ಪ್ರಾಮಿಸ್?"

"ಪ್ರಾಮಿಸ್."

ಶನಿವಾರ ಬೆಳಗ್ಗೆ ಆರಕ್ಕೆ ಗುಬ್ಬಿ ಪೇಂಟ್ ಬಾಕ್ಸಿನಿಂದ ನೀಲಿ ಬಾಟಲಿ ತೆಗೆದುಕೊಂಡಳು. ಟ್ಯಾಂಕಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ ಬಾಟಲಿಯನ್ನು ಪೂರ್ತಿ ಬಗ್ಗಿಸಿದಳು. ನೀಲಿ ಮೋಡದ ಹಾಗೆ ಹರಡಿತು. ಮುಚ್ಚಳ ಮುಚ್ಚಿ, ಬಾತ್‌ರೂಮಿನ ಹೊರಗೆ ಕುರ್ಚಿ ಹಾಕಿ ಕೂತಳು.

ಅಪ್ಪ ಕಣ್ಣುಜ್ಜಿಕೊಳ್ಳುತ್ತಾ ಬಂದ. "ಏಳೇ, ದಾರಿ ಬಿಡು."

"ಯಾರೂ ಹೋಗೋ ಹಾಗಿಲ್ಲಪ್ಪ. ಅರ್ಧ ಗಂಟೆ."

"ಅರ್ಧ ಗಂಟೆನಾ? ಬಸ್ ಆಗಿದ್ರೆ ಬ್ರೇಕ್ ಹಾಕ್ತಿದ್ದೆ. ಇದಕ್ಕೆ ಎಲ್ಲೇ ಹಾಕ್ಲಿ ಬ್ರೇಕು?"

"ಪ್ಲೀಸ್ ಅಪ್ಪ. ಗೋಡೆ ಉಳೀಬಹುದು."

ಅಪ್ಪ ಅವಳ ಮುಖ ನೋಡಿದ. ಬಣ್ಣದ ವಿಷಯವನ್ನೆಲ್ಲ ಕೇಳಿದ. ಆಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ಗಡಿಯಾರದ ಕೆಳಗೆ ನಿಂತ. ಅಮ್ಮನೂ ಬಂದು ಸಾಲಿನಲ್ಲಿ ನಿಂತಳು.

ಹತ್ತು ನಿಮಿಷ. ಗುಬ್ಬಿ ಒಳಗೆ ಇಣುಕಿದಳು. ಕಮೋಡಿನ ನೀರು ತಿಳಿಯಾಗಿಯೇ ಇತ್ತು.

ಹದಿನೈದು ನಿಮಿಷ. ಏನೂ ಇಲ್ಲ. ಹೊರಗೆ ಯಾರದೋ ಸ್ಕೂಟರ್ ಹೋದ ಸದ್ದಾದರೂ ಪ್ಲಂಬರ್ ಬಂದೇಬಿಟ್ಟರೇನೋ ಎಂದು ಅವಳು ಕುರ್ಚಿಯಿಂದ ಅರ್ಧ ಎದ್ದಳು.

ಇಪ್ಪತ್ತೈದು ನಿಮಿಷ.

ಬಿಳಿಯ ಅಂಚಿನಿಂದ ಸಣ್ಣದೊಂದು ಎಳೆ ಕೆಳಗಿಳಿದಿತ್ತು. ಹೊಲಿಗೆ ದಾರದಷ್ಟು ತೆಳ್ಳಗೆ. ಅದರ ತುದಿ ನೀರಿಗೆ ತಾಗಿದ ಕಡೆ ನೀರು ನಿಧಾನವಾಗಿ ಬಣ್ಣ ತಿರುಗುತ್ತಿತ್ತು.

"ನೀಲಿ!" ಗುಬ್ಬಿ ಕಿರುಚಿದಳು. "ಅಮ್ಮಾ, ನೀಲಿ! ಗೋಡೆ ಅಲ್ಲ! ಟ್ಯಾಂಕು!"

ಅಪ್ಪ, ಅಮ್ಮ, ಗುಬ್ಬಿ, ಮೂವರೂ ಆ ಪುಟ್ಟ ಬಾತ್‌ರೂಮಿಗೆ ಒಟ್ಟಿಗೇ ನುಗ್ಗಿದರು. ಮೂರು ತಲೆಗಳು ಕಮೋಡಿನ ಮೇಲೆ ಬಾಗಿದವು. ಜಗತ್ತಿನಲ್ಲಿ ಯಾವ ಕಮೋಡನ್ನೂ ಯಾರೂ ಅಷ್ಟು ಪ್ರೀತಿಯಿಂದ ನೋಡಿರಲಾರರು.

"ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೊರಟಿದ್ವಲ್ಲೇ!" ಎಂದ ಅಪ್ಪ. ಅಮ್ಮ ಗುಬ್ಬಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ.

"ಈಗಲಾದ್ರೂ ನಾನು ಹೋಗ್ಬಹುದಾ?"

"ಬೇಡ ಅಪ್ಪ! ಪ್ಲಂಬರ್ ಅಂಕಲ್ ನೋಡೋವರೆಗೂ ಬಣ್ಣ ಇರ್ಬೇಕು!"

ಅಪ್ಪ ಪಕ್ಕದ ಮನೆಯ ಕಡೆ ಓಡಿದ.

ಸರಿಯಾಗಿ ಏಳಕ್ಕೆ ಪ್ಲಂಬರ್ ಉಳಿ, ಸುತ್ತಿಗೆ ಹಿಡಿದು ಬಂದರು. ಗುಬ್ಬಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಅವರು ನೀಲಿ ನೀರನ್ನು ಬಹಳ ಹೊತ್ತು ನೋಡಿದರು. ಅವರ ಕಿವಿಯ ತುದಿ ಕೆಂಪಾಯಿತು.

"ಇದನ್ನ ಯಾರು ಹೇಳಿಕೊಟ್ರು?"

ಗುಬ್ಬಿ ಪ್ರಾಮಿಸ್ ಮಾಡಿದ್ದಳಲ್ಲ. "ಯಾರೋ ಹೇಳ್ತಿದ್ರು ಅಂಕಲ್, ಹೀಗೆ ಮಾಡ್ತಾರೆ ಅಂತ," ಎಂದಳು.

ಅವರು ಸುತ್ತಿಗೆಯನ್ನು ಬಾಗಿಲ ಹೊರಗಿಟ್ಟರು. ಟ್ಯಾಂಕಿನ ನೀರು ಖಾಲಿ ಮಾಡಿ ಒಳಗೆ ಕೈಹಾಕಿದರು. ಹೊರಗೆ ಬಂದ ರಬ್ಬರ್ ಅಂಗೈಗಿಂತ ಚಿಕ್ಕದು. ಅದರ ಅಂಚು ಇಲಿ ಕಚ್ಚಿದ ಬಿಸ್ಕತ್ತಿನ ಹಾಗಾಗಿತ್ತು. ಬ್ಯಾಗಿನಿಂದ ಹೊಸದೊಂದನ್ನು ತೆಗೆದು ಕೂರಿಸಿದರು. ಐದೇ ನಿಮಿಷ.

ಟ್ಯಾಂಕು ತುಂಬತೊಡಗಿತು. ಸ್‌ಸ್‌ಸ್‌... ಮುಚ್ಚಳ ತೆಗೆದಿದ್ದರಿಂದ ಸದ್ದು ಈಗ ಜೋರಾಗಿಯೇ ಇತ್ತು. ಪ್ಲಂಬರ್ ಅದರ ಪಕ್ಕದಲ್ಲೇ ಬಾಗಿ ನಿಂತಿದ್ದರು. ಅಪ್ಪ, ಅಮ್ಮ ಮೀಟರ್ ನೋಡಲು ಗೇಟಿಗೆ ಹೋಗಿದ್ದರು. ಪ್ಲಂಬರ್ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು:

"ಪುಟ್ಟಾ, ಸದ್ದು ನಿಂತಿತಾ?"

ಗುಬ್ಬಿ ಅವರ ಮುಖ ನೋಡಿದಳು. ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಆ ದಿನ ಗೋಡೆಗೆ ಕಿವಿಯಿಟ್ಟು ಅಷ್ಟು ಹೊತ್ತು ನಿಂತಿದ್ದರಲ್ಲ, ಅವರಿಗೆ ಏನೂ ಕೇಳಿಸಿರಲಿಲ್ಲ. ಮನೆಯಲ್ಲಿ ಮೈಕ್ ಪ್ರತಿ ಮಾತನ್ನೂ ಕೂಗಿಯೇ ಹೇಳಬೇಕಾಗಿರಬಹುದು. ಅದೇ ಅಭ್ಯಾಸವಾಗಿ ಸ್ಕೂಲಿಗೂ ಬಂದಿರಬಹುದು. ಬಾತ್‌ರೂಮ್ ಇಲ್ಲದ ಮನೆಗೆ ಯಾರು ಮಕ್ಕಳನ್ನು ಬಿಡುತ್ತಾರೆ ಎಂದಿದ್ದಳು ಅಮ್ಮ. ಕಿವಿ ಕೇಳಿಸದ ಪ್ಲಂಬರನ್ನು ಯಾರು ಕರೆಯುತ್ತಾರೆ?

"ಇನ್ನೂ ಇಲ್ಲ ಅಂಕಲ್," ಎಂದಳು ಗುಬ್ಬಿ, ಅವರಿಗೆ ತನ್ನ ತುಟಿ ಕಾಣುವ ಹಾಗೆ ತಿರುಗಿ ನಿಂತು. ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಅವಳು ಬೆರಳೆತ್ತಿದಳು. "ಈಗ ನಿಂತಿತು."

"ಪೂರ್ತಿ?"

"ಪೂರ್ತಿ."

ಅವರು ಉಸಿರು ಬಿಟ್ಟರು. ಗೇಟಿನ ಕಡೆಯಿಂದ ಅಪ್ಪನ ಕೂಗು ಬಂತು. "ಗುಬ್ಬೀ! ಬಾರೇ ಇಲ್ಲಿ!"

ಮೀಟರಿನ ಗಾಜಿನೊಳಗೆ ಕೆಂಪು ನಕ್ಷತ್ರ ಅಲ್ಲಾಡದೆ ನಿಂತಿತ್ತು. ಒಂದು ನಿಮಿಷ ನೋಡಿದರು. ಹತ್ತು ನಿಮಿಷ ನೋಡಿದರು. ಹಠ ಹಿಡಿದ ಮಗುವಿನ ಹಾಗೆ ಅದು ಜಗ್ಗಲಿಲ್ಲ. ಅಪ್ಪ ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳವನ್ನೆಲ್ಲ ಸುತ್ತಿದ. "ನಾಲ್ಕನೇ ಕ್ಲಾಸಿಗೇ ಹೆಗಲು ಮುರೀತಿದೆ ಕಣೇ!" ಎಂದರೂ ಇಳಿಸಲಿಲ್ಲ. ಅಮ್ಮ ಆಗಲೇ ಫೋನ್ ಹಿಡಿದು ಒಬ್ಬೊಬ್ಬ ತಾಯಿಗೂ ಹೇಳುತ್ತಿದ್ದಳು, "ಸೋಮವಾರ ಎಂದಿನ ಹಾಗೇ ಬಿಡಿ. ಹ್ಞಾಂ, ಎಂದಿನ ಹಾಗೇ!"

ಪ್ಲಂಬರ್ ರಬ್ಬರಿನ ದುಡ್ಡು ಮಾತ್ರ ತೆಗೆದುಕೊಂಡರು. ಹೊರಡುವಾಗ ಅಪ್ಪನಿಗೆ, "ಮೊದಲೇ ಬಣ್ಣ ಹಾಕಿ ನೋಡ್ಬೇಕಿತ್ತು. ತಪ್ಪು ನಂದೇ," ಎಂದರು.

ಭಾನುವಾರವಿಡೀ ಗುಬ್ಬಿ ಸ್ಕೂಲಲ್ಲಿ ಹೇಳಲು ಕತೆ ಕಟ್ಟಿದಳು. ಕಾಲು ಕುಣಿಸುವ ಅಪ್ಪ, ನೀಲಿ ಎಳೆ, ಉಳಿ-ಸುತ್ತಿಗೆ. ಪ್ಲಂಬರಿಗೇ ತಿಳಿಯದ್ದು ತನಗೆ ತಿಳಿಯಿತು ಅನ್ನುವ ಕಡೆಯಂತೂ ಎಷ್ಟು ಸಲ ಹೇಳಿಕೊಂಡರೂ ಬೇಸರವಾಗಲಿಲ್ಲ.

ಸೋಮವಾರ ಡಬ್ಬಿ ತೆರೆಯುವ ಮೊದಲೇ ಪ್ರೊಫೆಸರ್ ಕೇಳಿದ, "ಗೋಡೆ ಒಡೆದ್ರಾ? ಎಷ್ಟು ಧೂಳು ಬಂತು?"

ಮೈಕ್ ತಲೆಯೆತ್ತದೆ ತಿನ್ನುತ್ತಿದ್ದಳು.

"ಒಡೀಲೇ ಇಲ್ಲ," ಎಂದಳು ಗುಬ್ಬಿ. "ಟ್ಯಾಂಕೊಳಗಿನ ರಬ್ಬರ್ ಹೋಗಿತ್ತು. ಇವರಪ್ಪ ಐದೇ ನಿಮಿಷದಲ್ಲಿ ಹೊಸದು ಹಾಕಿದ್ರು."

"ಅಯ್ಯೋ, ಅಷ್ಟೇನಾ!" ಪ್ರೊಫೆಸರಿಗೆ ನಿರಾಸೆಯಾಯಿತು.

"ನಮ್ಮಪ್ಪ ಅಂದ್ರೆ ಏನಂದ್ಕೊಂಡೆ!" ಎಂದಳು ಮೈಕ್, ಮೈದಾನಕ್ಕೆಲ್ಲ ಕೇಳಿಸುವ ಹಾಗೆ. "ಆದ್ರೆ ನೋಡು, ನನ್ನ ಪೇಂಟ್ ಬಾಕ್ಸಿನ ನೀಲಿ ಬಾಟಲೀನ ಎತ್ಕೊಂಡು ಟೂಲ್ ಬ್ಯಾಗಲ್ಲಿ ಇಟ್ಕೊಂಡಿದ್ದಾರೆ. ಇನ್ಮೇಲೆ ಎಲ್ಲೇ ಹೋದ್ರೂ ಮರೀದೆ ಮೊದಲು ಇದೇ ಅಂತೆ. ನಾನೀಗ ಸಮುದ್ರಕ್ಕೆ ಏನು ಬಳೀಲಿ?"

ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡ. "ಆದ್ರೂ ಅವರಿಗೆ ಮೊದಲನೇ ದಿನಾನೇ ಯಾಕೆ ಗೊತ್ತಾಗ್ಲಿಲ್ಲ?"

ಮೈಕ್‌ಳ ಕೈ ಡಬ್ಬಿಯಲ್ಲೇ ನಿಂತಿತು.

ಕತೆ ಗುಬ್ಬಿಯ ನಾಲಿಗೆಯ ತುದಿಯಲ್ಲಿತ್ತು. ಅವಳು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು.

"ನಮ್ಮನೇಲಿ ಆರು ಮಕ್ಕಳು ಒಟ್ಟಿಗೇ ಕಿರುಚ್ತಿರ್ತಾವೆ ಕಣೋ. ಆ ಗಲಾಟೇಲಿ ಯಾರಿಗೆ ತಾನೇ ಏನು ಕೇಳ್ಸುತ್ತೆ?"

"ಹೌದೌದು. ಅದು ಲಾಜಿಕ್," ಎಂದು ಪ್ರೊಫೆಸರ್ ಒಪ್ಪಿಕೊಂಡ.

ಬೆಲ್ ಹೊಡೆಯಿತು. ಮೈಕ್ ಗುಬ್ಬಿಯ ಡಬ್ಬಿಯನ್ನೂ ತಾನೇ ಎತ್ತಿಕೊಂಡು ನಲ್ಲಿಯ ಕಡೆ ಓಡಿದಳು. ಅವಳ ಹಿಂದೆ ನಡೆಯುತ್ತಾ ಗುಬ್ಬಿ ನಿರ್ಧರಿಸಿದಳು: ಟ್ಯಾಂಕ್ ತುಂಬುವಾಗ ಪ್ಲಂಬರ್ ಅಂಕಲ್ ತನ್ನನ್ನು ಏನು ಕೇಳಿದರು ಅನ್ನುವುದನ್ನು ಅಪ್ಪನಿಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು. ತನಗೆ ಗೊತ್ತು ಅನ್ನುವುದನ್ನು ಮೈಕ್‌ಗೂ ಹೇಳಬಾರದು.