ಬಿಸಿಲು ತಿಂದ ಕಪ್ಪು

ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಸುಂದರೇಶನ ಮೊಣಕೈ ಮಾತ್ರ ಇತ್ತು.

ಹಳೆಯ ಕಾರುಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದಿದ್ದ ಅರ್ಧ ಪುಟದ ಲೇಖನ ಅದು. ಮೋಹನ್ ತನ್ನ ದಂತದ ಬಣ್ಣದ ಪ್ರೀಮಿಯರ್ ಪದ್ಮಿನಿಗೆ ಒರಗಿ ನಗುತ್ತಿದ್ದ. ಬಲತುದಿಯಲ್ಲಿ ಚೌಕಟ್ಟು ಕತ್ತರಿಸಿ ಉಳಿಸಿದ್ದ ಒಂದು ನೀಲಿ ತೋಳು. 'ಒಳಗಿನ ಕೆಲಸವೆಲ್ಲ ಕೈಯಾರೆ ಮಾಡಿದ್ದು' ಎಂಬ ಮೋಹನನ ಮಾತನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ್ದರು. ಕೈ ಯಾರದೆಂದು ಅವನು ಹೇಳಿರಲಿಲ್ಲ, ವರದಿಗಾರ ಕೇಳಿರಲಿಲ್ಲ.

ಕೈ ಸುಂದರೇಶನದು. ಬಿಸಿಲಿಗೆ ಸೀಳುಬಿಟ್ಟಿದ್ದ ಡ್ಯಾಶ್‌ಬೋರ್ಡಿನ ರೆಕ್ಸಿನ್ನು, ಬೂದಿಯ ಬಣ್ಣಕ್ಕೆ ತಿರುಗಿದ್ದ ಸ್ಟೀರಿಂಗು, ಬಾಗಿಲುಗಳ ಒಳಹೊದಿಕೆ, ಎಲ್ಲವನ್ನೂ ಒಂದು ಇಡೀ ಮಳೆಗಾಲ ಮಂಡಕಳ್ಳಿಯಲ್ಲಿದ್ದ ಮೋಹನನ ಶೆಡ್ಡಿನಲ್ಲಿ ಕೂತು ಅವನೇ ಸರಿಪಡಿಸಿದ್ದ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತನಾದವನು, ಮದುವೆಯಾಗದವನು. ಅಮ್ಮ ಹೋದ ಮೇಲೆ ಬನ್ನಿಮಂಟಪದ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಶಾಲೆಯ ಕಾಲದ ಗೆಳೆಯ ಮೋಹನ್ ಒಬ್ಬನೇ ಭಾನುವಾರಗಳಿಗೆ ಒಂದು ಅರ್ಥ ಕೊಟ್ಟಿದ್ದ. ಮೋಹನ್ ಗುತ್ತಿಗೆದಾರ, ಮಾತುಗಾರ, ಸಾಮಾನು ತಂದುಕೊಡುತ್ತಿದ್ದ. ಹೀಟ್ ಗನ್ ಕೂಡ ಅವನ ಉಡುಗೊರೆಯೇ. ಮಾಸಿದ ಕಪ್ಪು ಪ್ಲಾಸ್ಟಿಕ್ಕಿಗೆ ಬಿಸಿಗಾಳಿ ಊದಿದರೆ ಒಳಗಿನ ಎಣ್ಣೆಯಂಶ ಮೇಲಕ್ಕೆ ಬಂದು ಬಣ್ಣ ಮರಳುತ್ತದೆ. ಮೊದಲ ದಿನ ಕರೆಂಟ್ ಹೋಗಿತ್ತೆಂದು ಅದನ್ನು ಶೆಡ್ಡಿನ ಯು.ಪಿ.ಎಸ್.ಗೆ ಸಿಕ್ಕಿಸಿದಾಗ ಪೆಟ್ಟಿಗೆ ಒಮ್ಮೆ ಕಿರುಚಿ ಸತ್ತುಹೋಗಿತ್ತು. 'ಇದು ಕರೆಂಟ್ ಕುಡಿಯೋ ರಾಕ್ಷಸ ಕಣೋ' ಎಂದು ಮೋಹನ್ ನಕ್ಕಿದ್ದ. ಸುಂದರೇಶನೂ ನಕ್ಕಿದ್ದ.

ಲೇಖನ ಬಂದ ಮೇಲೆ ಮೋಹನನಿಗೆ ಹಳೆಯ ಕಾರುಗಳ ಕ್ಲಬ್ಬಿನವರು ಸಿಕ್ಕರು. ಭಾನುವಾರ ಅವರೊಂದಿಗೆ ಶ್ರೀರಂಗಪಟ್ಟಣದ ಕಡೆ, ನಂಜನಗೂಡಿನ ಕಡೆ ಸವಾರಿ. ಮೊದಲು ಫೋನ್ ಕಡಿಮೆಯಾಯಿತು, ಆಮೇಲೆ ನಿಂತಿತು. ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಆ ಪುಟವನ್ನು ಹಾಕಿ ಚಪ್ಪಾಳೆಯ ಚಿತ್ರ ಒತ್ತಿದ ಸಂಜೆ ಸುಂದರೇಶ ಗುಂಪಿನಿಂದ ಹೊರಬಂದ. ಪತ್ರಿಕೆ ಓದುವುದನ್ನೂ ಬಿಟ್ಟ. ಹುಡುಗ ಹಾಕಿಹೋಗುವ ಪತ್ರಿಕೆ ಮಡಿಕೆ ಬಿಚ್ಚದೆ ಮೂಲೆಯಲ್ಲಿ ಬೆಳೆಯುತ್ತಿತ್ತು. ಬಣ್ಣ ಹಚ್ಚುವಾಗ ಗಾಜು ಮುಚ್ಚಲು ಅಷ್ಟು ಸಾಕು ಎಂದುಕೊಂಡ.

ಪದ್ಮಿನಿಯನ್ನು ಸುಡಬೇಕು ಎಂದು ಅವನು ಯಾವ ದಿನ ನಿರ್ಧರಿಸಿದನೋ ಅವನಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಯೋಜನೆಯ ಅರ್ಧ ಮುಗಿದಿತ್ತು. ಕೋಪದಲ್ಲಿ ಮಾಡುವ ಕೆಲಸಕ್ಕೆ ಅಳತೆ ಇರುವುದಿಲ್ಲ ಎಂಬುದು ಅವನ ನಂಬಿಕೆ. ಅವನಿಗೆ ಅಳತೆ ಬೇಕಿತ್ತು.

ಬೆಂಕಿ ಕಷ್ಟದ ಭಾಗವಲ್ಲ. ಆ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಯಾವ ವೈರಿನ ಚರ್ಮ ಸವೆದಿದೆಯೆಂದು ಅವನಿಗೆ ಗೊತ್ತು. ಅದಕ್ಕೆ ಟೇಪು ಸುತ್ತಿದವನೂ ಅವನೇ. ಹಳೆಯ ಕಾರು, ಹಳೆಯ ವೈರು, ಶಾರ್ಟ್ ಸರ್ಕ್ಯೂಟ್ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಶೆಡ್ಡಿನ ಒಂದು ಬೀಗದ ಕೈ ಇನ್ನೂ ಅವನಲ್ಲೇ ಇತ್ತು. ಮೋಹನ್ ವಾಪಸು ಕೇಳುವುದನ್ನೂ ಮರೆತಿದ್ದ. ಆ ಮರೆವು ಕೂಡ ಸುಂದರೇಶನಿಗೆ ಒಂದು ಅವಮಾನವಾಗಿ ಕಂಡಿತು.

ಕಷ್ಟದ ಭಾಗ, ಆ ಹೊತ್ತಿನಲ್ಲಿ ತಾನು ಮನೆಯಲ್ಲಿದ್ದೆ ಎಂದು ತೋರಿಸುವುದು. ಒಂಟಿ ಮನುಷ್ಯ ಮನೆಯಲ್ಲಿದ್ದಾನೋ ಇಲ್ಲವೋ ಎಂದು ಯಾರು ಗಮನಿಸುತ್ತಾರೆ? ಆದ್ದರಿಂದ ಗಮನಿಸುವಂತೆ ಮಾಡಬೇಕು.

ಅವನದೇ ಒಂದು ಹಳೆಯ ಮಾರುತಿ ಎಂಟುನೂರು ಮನೆಯ ಪಕ್ಕದ ತಗಡಿನ ಮಾಡಿನಡಿ ನಿಂತಿತ್ತು. ಪಶ್ಚಿಮದ ಬಿಸಿಲು ವರ್ಷಗಟ್ಟಲೆ ಬಿದ್ದು ಅದರ ಡ್ಯಾಶ್‌ಬೋರ್ಡ್ ತೊಳೆದ ಸ್ಲೇಟಿನಂತಾಗಿತ್ತು. ಬುಧವಾರ, ಬೀದಿಯವರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಪಕ್ಕದ ಮನೆಯ ಭಾನುಪ್ರಿಯಾ ಮೇಡಂ ಶಾಲೆಗೆ ಹೋದ ಮೇಲೆ, ಅವನು ಕೂತು ಅದನ್ನು ಕಪ್ಪಾಗಿಸಿದ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಇಸ್ತ್ರಿಪೆಟ್ಟಿಗೆಯಂತೆ ಸರಿಸುತ್ತ ಹೋದ. ಬೂದು ಹಿಂದೆ ಸರಿದು ಕಪ್ಪು ಎದ್ದು ಬರುವುದನ್ನು ನೋಡುವುದರಲ್ಲಿ ಒಂದು ಸುಖವಿತ್ತು. ತೋರಿಸೋಣವೆಂದು ಅಭ್ಯಾಸಬಲದಿಂದ ತಿರುಗಿದ. ಪಕ್ಕದ ಸೀಟಿನಲ್ಲಿ ಒದ್ದೆ ಬಟ್ಟೆ ಇತ್ತು.

ಇಡೀ ಕೆಲಸದ ಸದ್ದನ್ನು ಮೊಬೈಲಿನಲ್ಲಿ ಹಿಡಿದ. ಗನ್ನಿನ ಗುಂಯ್, ಸ್ಪ್ಯಾನರ್ ಬಿದ್ದ ಟಣ್, ತನ್ನ ಕೆಮ್ಮು, ನಡುನಡುವೆ ಕಾಫಿಗೆ ಎದ್ದುಹೋದ ಮೌನ. ಅದನ್ನು ಪೆನ್ ಡ್ರೈವಿಗೆ ಹಾಕಿ ಅಮ್ಮನ ಸುಪ್ರಭಾತದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದ. ಅಂಗೈಯಗಲದ ಆ ಸ್ಪೀಕರ್ ಪೆಟ್ಟಿಗೆಯ ದನಿ ತಗಡಿನ ಮಾಡಿನಡಿ ನಿಜವಾದ ಗನ್ನಿನದೇ ಎನಿಸುತ್ತಿತ್ತು. ಕಾರಿಗೆ ಹೊದಿಕೆ ಎಳೆದ. ಒಂದು ಬಾಗಿಲಿನ ಪಟ್ಟಿಯನ್ನು ಬೇಕೆಂದೇ ಬೂದಾಗಿ ಬಿಟ್ಟ. ಒಂದೇ ದಿನಕ್ಕೆ ಎಲ್ಲವೂ ಮುಗಿದರೆ ಕೆಲಸ ಬಲ್ಲವರು ನಂಬುವುದಿಲ್ಲ.

ಶನಿವಾರ ಸಂಜೆ ಗೇಟಿನ ಹತ್ತಿರ ಭಾನುಪ್ರಿಯಾ ಸಿಕ್ಕಳು.

"ಏನ್ ಸುಂದರೇಶಣ್ಣ, ಕಣ್ಣಿಗೇ ಬೀಳಲ್ವಲ್ಲ! ನಾಳೆ ಬೆಳಗಾಗೆದ್ದು ಕೆಲ್ಸ ಎಲ್ಲ ಮುಗಿಸ್ಕೊಬೇಕು ಕಣ್ರೀ, ಇಲ್ದಿದ್ರೆ—"

"ನಾಳೆ ನಂಗೂ ಇಡೀ ದಿನ ಕೆಲ್ಸ ಇದೆ ಮೇಡಂ. ಕಾರಿಂದು. ಸ್ವಲ್ಪ ಸದ್ದಾಗುತ್ತೆ, ಬೇಜಾರು ಮಾಡ್ಕೊಬೇಡಿ."

"ಅಯ್ಯೋ ಮಾಡ್ಕೊಳ್ಳಿ. ಒಂದು ಸದ್ದಾದ್ರೂ ಬರ್ಲಿ ನಿಮ್ಮನೆಯಿಂದ."

ಅವಳ ಮಾತು ಮುಗಿಯುವ ಮೊದಲೇ ಅವನು ಬಾಗಿಲು ದಾಟಿದ್ದ. ಹೇಳಬೇಕಾದದ್ದನ್ನು ಹೇಳಿ ಆಗಿತ್ತು. ಸಾಕ್ಷಿ ಸಿದ್ಧವಾಗಿತ್ತು.

ಭಾನುವಾರ ಮೋಹನ್ ಹೆಂಡತಿಯ ಕಡೆಯ ನಾಮಕರಣಕ್ಕೆ ತಿ. ನರಸೀಪುರಕ್ಕೆ ಹೋಗುವವನಿದ್ದಾನೆಂದು ಸುಂದರೇಶನ ಕಿವಿಗೆ ಬಿದ್ದಿತ್ತು. ಮಂಡಕಳ್ಳಿಯ ಶೆಡ್ಡಿನ ಕಾವಲುಗಾರ ನಿಂಗಯ್ಯ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ಒಂದು ನಿದ್ದೆ ತೆಗೆದೇ ಬರುತ್ತಿದ್ದ. ಸುಂದರೇಶ ಬೆಳಕು ಹರಿಯುವಾಗಲೇ ಎದ್ದ. ಬೀದಿಯೂ ಎದ್ದಿತ್ತು. ಎಲ್ಲ ಮನೆಗಳಲ್ಲೂ ಒಟ್ಟಿಗೆ ನೀರಿನ ಮೋಟಾರು, ಮಿಕ್ಸಿ, ಗ್ರೈಂಡರು ಓಡುತ್ತಿದ್ದವು. ಭಾನುವಾರವೂ ಮಲಗಲಾರದ ಜನ ಎಂದುಕೊಂಡ. ಪತ್ರಿಕೆ ಬಿದ್ದ ಕೂಡಲೇ ಅದರ ಹಾಳೆಗಳನ್ನು ಬಿಡಿಸಿ, ಕಾರಿನ ಒಳಗಿನಿಂದ ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿದ. ಕಪ್ಪಿನ ಮೇಲೆ ಎಣ್ಣೆ ಒರೆಸುವಾಗ ಗಾಜಿಗೆ ತಾಗದಿರಲು ಎಲ್ಲರೂ ಮಾಡುವುದೇ ಅದು. ಆದರೆ ಹಳೆಯ ರಾಶಿಯನ್ನು ಬಿಟ್ಟು ಅವತ್ತಿನದನ್ನೇ ಆರಿಸಿಕೊಂಡಿದ್ದ. ದಿನಾಂಕವೇ ಮಾತಾಡಲಿ. ತನ್ನ ಮೊಣಕೈಯನ್ನು ಕತ್ತರಿಸಿದ ಪತ್ರಿಕೆ ಒಮ್ಮೆಯಾದರೂ ತನ್ನ ಪರವಾಗಿ ಸಾಕ್ಷಿ ಹೇಳಲಿ.

ಮೊಬೈಲನ್ನು ಮೇಜಿನ ಮೇಲೆ ಬಿಟ್ಟ. ಸುಪ್ರಭಾತದ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದ. ತನ್ನದೇ ಕೆಮ್ಮು ಕೇಳಿಸಿತು. ಹಿತ್ತಲ ಬಾಗಿಲಿನಿಂದ ಅಪ್ಪನ ಸೈಕಲ್ಲನ್ನು ಹೊರಗೆ ತಳ್ಳಿದ. ಸೈಕಲ್ಲಿಗೆ ನಂಬರಿಲ್ಲ, ಟಿಕೆಟಿಲ್ಲ. ಟೋಪಿ ಹಾಕಿಕೊಂಡು ಸೈಕಲ್ ತುಳಿಯುವ ಮುದುಕನನ್ನು ಯಾವ ಕ್ಯಾಮೆರಾವೂ ಎರಡು ಸಲ ನೋಡುವುದಿಲ್ಲ.

ಶೆಡ್ಡಿನಲ್ಲಿ ಅವನು ಪದ್ಮಿನಿಯ ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತ. ಅದು ಯೋಜನೆಯಲ್ಲಿರಲಿಲ್ಲ. ಮಾಡಿನ ಒಂದು ಹಾಳೆ ಬೆಳಕು ಬಿಡುವ ಫೈಬರಿನದು. ಅದರಡಿ ಕಾರು ನಿಲ್ಲಿಸಬೇಡ, ಡ್ಯಾಶ್‌ಬೋರ್ಡಿನ ಮೇಲೆ ಬಟ್ಟೆ ಹಾಕು ಎಂದು ಮೋಹನನಿಗೆ ಎಷ್ಟು ಸಲ ಹೇಳಿದ್ದ. ಬಟ್ಟೆ ಹಿಂದಿನ ಸೀಟಿನಲ್ಲಿ ಮುದ್ದೆಯಾಗಿ ಬಿದ್ದಿತ್ತು. ಒಂದು ಚೌಕ ಬಿಸಿಲು ರೆಕ್ಸಿನ್ನಿನ ಮೇಲೆ ಕೂತಿತ್ತು, ಅಲ್ಲಿ ಬಣ್ಣ ಆಗಲೇ ತೆಳುವಾಗತೊಡಗಿತ್ತು. ಇದ್ದ ಸ್ವಲ್ಪ ಹಿಂಜರಿಕೆಯೂ ಹೋಯಿತು. ಮುಂದಿನದನ್ನು ಅವನು ನಕ್ಷೆ ನೋಡಿಕೊಂಡು ಕೆಲಸ ಮಾಡುವವನಂತೆ ಮಾಡಿ ಮುಗಿಸಿದ. ಬೀಗ ಹಾಕಿ ಹೊರಟ. ನಂಜನಗೂಡು ರಸ್ತೆ ಸೇರುವ ಮೊದಲು ಒಮ್ಮೆ ತಿರುಗಿದಾಗ ತೆಂಗಿನ ತಲೆಗಳ ಮೇಲೆ ತೆಳು ಹೊಗೆ ಕಂಡಿತು.

ಸಂಜೆ ಬಿಸಿಲಿಳಿಯುವಾಗ ಹಿತ್ತಲಿನಿಂದ ಒಳಗೆ ಬಂದ. ಪೆಟ್ಟಿಗೆ ಇನ್ನೂ ಗುಂಯ್‌ಗುಡುತ್ತಿತ್ತು, ದನಿ ಸ್ವಲ್ಪ ಕುಗ್ಗಿತ್ತು. ಬ್ಯಾಟರಿಯ ಕೆಂಪು ದೀಪ ಮಿಟುಕುತ್ತಿತ್ತು. ಇಡೀ ದಿನ ಪ್ಲಗ್ಗಿನಲ್ಲೇ ಇತ್ತಲ್ಲ? ಅಮ್ಮನ ಕಾಲದ ವೈರು, ಸಡಿಲವಿರಬೇಕು. ಅಲುಗಾಡಿಸಿದ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ಆರಿಸಿ ಒಳಗಿಟ್ಟ. ಹೀಟ್ ಗನ್ ಹೊರಗೆ ತಂದು ಸ್ವಲ್ಪ ಹೊತ್ತು ನಿಜವಾಗಿಯೂ ಓಡಿಸಿದ. ಆ ಬಿಸಿ ಕೈಗೆ ಹಿತವಾಗಿತ್ತು.

ಮರುದಿನ ಸಂಜೆ ಗೇಟು ಸದ್ದಾಯಿತು. ಪೊಲೀಸರಿರಬಹುದೆಂದು ಉತ್ತರಗಳನ್ನು ಜೋಡಿಸಿಕೊಂಡು ಹೊರಬಂದವನಿಗೆ ಕಂಡದ್ದು ಮೋಹನ್. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಾಗಿದ್ದವು.

"ಸುಟ್ಟೋಯ್ತು ಕಣೋ. ಪದ್ಮಿನಿ ಸುಟ್ಟೋಯ್ತು."

ಸುಂದರೇಶ ಅಭ್ಯಾಸ ಮಾಡಿಕೊಂಡಿದ್ದ ಆಶ್ಚರ್ಯ ಬೇಕಾಗಲಿಲ್ಲ. ಮೋಹನ್ ಅವನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟ. ಇಷ್ಟು ಹತ್ತಿರ ಇನ್ನೊಬ್ಬ ಮನುಷ್ಯ ಬಂದು ಎಷ್ಟು ಕಾಲವಾಗಿತ್ತು ಎಂದು ಸುಂದರೇಶ ಲೆಕ್ಕ ಹಾಕಲು ಹೋಗಿ ಬಿಟ್ಟ.

"ಕ್ಲಬ್ನೋರು ಫೋನ್ ಮಾಡಿ ಇನ್ಶೂರೆನ್ಸ್ ಇತ್ತಾ ಅಂತಾರೆ ಕಣೋ. ಯಾರ ಹತ್ರ ಅಳಾನ? ನಿನ್ನ ಹತ್ರಾನೆ ಬಂದ್ಬುಟ್ಟೆ. ಆ ಪೇಪರ್ನೋನಿಗೆ ನಿನ್ನ ಹೆಸ್ರು ನಾನು ಹೇಳ್ಬೇಕಿತ್ತು. ಏನೋ ದೊಡ್ಡಸ್ತಿಕೆ, ಹೇಳ್ಲಿಲ್ಲ. ತಪ್ಪಾಯ್ತು."

"ಬುಡು, ಅದೆಲ್ಲ ಈಗ್ಯಾಕೆ."

"ಪೊಲೀಸ್ನೋರು ಯಾರ ಮೇಲಾದ್ರೂ ಅನುಮಾನ ಇದ್ಯಾ ಅಂದ್ರು. ಬೀಗದ ಕೈ ಯಾರ ಹತ್ರ ಇದೆ ಅಂದ್ರು. ನೀನು ನೆನಪಾದೆ. ಅವ್ನು ನನ್ನ ತಮ್ಮ ಇದ್ದಂಗೆ ಸ್ವಾಮಿ, ಅವನ ಹೆಸ್ರು ಬರ್ಕೊಬೇಡಿ ಅಂದೆ."

"ನಿನ್ನೆ ನಾನು ಬೆಳಗ್ಗೆಯಿಂದ ಇದರ ಜೊತೇಲೇ ಇದ್ದೆ," ಎಂದು ಸುಂದರೇಶ ತನ್ನ ಕಾರಿನ ಕಡೆ ಕೈತೋರಿಸಿದ. ಮಾತು ತಾನಾಗಿ, ಸಹಜವಾಗಿ ಬಂತು. "ನೀನು ಕೊಟ್ಟ ಗನ್ನೇ. ಸಂಜೆವರ್ಗೂ ಊದ್ತಾನೇ ಇದ್ದೆ."

ಇಬ್ಬರೂ ಕಾರಿನಲ್ಲಿ ಕೂತರು. ಸುಂದರೇಶ ಸ್ಟೀರಿಂಗಿನ ಮುಂದೆ, ಮೋಹನ್ ಪಕ್ಕದಲ್ಲಿ. ಗಾಜಿಗಂಟಿದ ಪತ್ರಿಕೆಯ ಮೂಲಕ ಸಂಜೆಯ ಬೆಳಕು ಹಳದಿಯಾಗಿ ಸೋಸಿ ಬರುತ್ತಿತ್ತು. ಮೋಹನ್ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಸವರಿದ.

"ಏನ್ ಕಪ್ಪು ಬರ್ಸಿದೀಯೋ! ಹೊಸಾದು ಇದ್ದಂಗದೆ." ಮತ್ತೊಮ್ಮೆ ಸವರಿದ. "ಹುಣಸೂರಲ್ಲಿ ಇನ್ನೊಂದು ಪದ್ಮಿನಿ ಬಿದ್ದದೆಯಂತೆ. ಒಳಗೆಲ್ಲ ಬಿಸಿಲಿಗೆ ಹೋಗ್ಬುಟ್ಟದೆ. ಭಾನ್ವಾರ ಹೋಗಿ ನೋಡ್ಕೊಂಡು ಬರಾನ. ನಾವಿಬ್ರೇ."

ಭಾನುವಾರ. ನಾವಿಬ್ಬರೇ. ಇಷ್ಟೇ ಬೇಕಾಗಿದ್ದದ್ದು ಎಂದು ಸುಂದರೇಶನಿಗೆ ಈಗ ಹೊಳೆಯಿತು. ಆ ಯೋಜನೆ, ಆ ಅಳತೆ, ಆ ಹೊಗೆ, ಎಲ್ಲವೂ ಈ ಸೀಟಿನಲ್ಲಿ ಈ ಮನುಷ್ಯ ಬಂದು ಕೂರಲೆಂದೇ. ಯೋಜನೆ ತಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಫಲಿಸಿತ್ತು.

"ಓ, ಮೋಹನಣ್ಣ ಬಂದವ್ರೆ!" ಭಾನುಪ್ರಿಯಾ ಎರಡು ಲೋಟ ಕಾಫಿ ಹಿಡಿದು ಬಾಗಿಲ ಹತ್ತಿರ ಬಗ್ಗಿದಳು. "ಕಾರಿನ ವಿಷಯ ಕೇಳ್ದೆ ಕಣಣ್ಣ, ಹೊಟ್ಟೆ ಉರೀತು. ತಗೊಳ್ಳಿ, ಬಿಸಿಯಾಗದೆ. ಅಲ್ಲ ಸುಂದರೇಶಣ್ಣ, ನಿನ್ನೆ ನಿಮ್ಮ ಮಿಷನ್ ಸದ್ದು ಏನ್ ಸದ್ದು ರೀ! ಗೇಟ್ ಬಡಿದೂ ಬಡಿದೂ ಸಾಕಾಯ್ತು ನಂಗೆ. ಮೊಬೈಲ್ ಚಾರ್ಜಿಗೆ ಹಾಕ್ಕೊಡ್ತೀರಾ ಅಂತ ಕೇಳಾನ ಅಂತಿದ್ದೆ."

ಸುಂದರೇಶ ಸಮಾಧಾನದಿಂದ ನಕ್ಕ. ತಾನು ಕೇಳುವ ಮೊದಲೇ ಸಾಕ್ಷಿ ನುಡಿದಿತ್ತು.

"ಯಾಕಮ್ಮ, ನಿಮ್ಮನೇಲಿ ಚಾರ್ಜರ್ ಇಲ್ವಾ?" ಎಂದ ಮೋಹನ್, ಕಾಫಿ ಊದುತ್ತ.

"ಚಾರ್ಜರ್ ಇದ್ರೆ ಏನ್ ಬಂತಣ್ಣ? ಬೆಳಗ್ಗೆಯಿಂದ ಸಂಜೆವರ್ಗೂ ಬೀದಿಗೇ ಕರೆಂಟ್ ಇರ್ಲಿಲ್ವಲ್ಲ. ನಿಮ್ಮ ಮುಂದೇನೇ ಅಂಟಿಸವ್ರೆ ನೋಡಿ," ಎಂದು ಅವಳು ಗಾಜಿನ ಕಡೆ ಗದ್ದ ಎತ್ತಿ ತೋರಿಸಿದಳು. "ಇವ್ರ ಮನೇಲಿ ಮಾತ್ರ ಎಂಗಪ್ಪಾ ಓಡ್ತದೆ ಅಂತ ನಮ್ಮನೇಲೆಲ್ಲ ಅದೇ ಮಾತು." ಯು.ಪಿ.ಎಸ್. ಎಂಬ ಮಾತು ಸುಂದರೇಶನ ನಾಲಿಗೆಯವರೆಗೆ ಬಂದು, ಪಕ್ಕದಲ್ಲಿ ಕೂತವನು ಯಾರೆಂದು ನೆನಪಾಗಿ ಅಲ್ಲೇ ನಿಂತಿತು. ಮೋಹನ್ ಕಾಫಿ ಊದುವುದನ್ನು ನಿಲ್ಲಿಸಿದ್ದ. ಅವನ ಇನ್ನೊಂದು ಕೈ ಡ್ಯಾಶ್‌ಬೋರ್ಡಿನಿಂದ ಮೆಲ್ಲಗೆ ಕೆಳಗಿಳಿದು ತೊಡೆಯ ಮೇಲೆ ಕೂತಿತು. ಸುಂದರೇಶ ತಲೆಯೆತ್ತಿದ. ತಾನೇ ಮಟ್ಟಸವಾಗಿ ಅಂಟಿಸಿದ ಹಾಳೆಯಲ್ಲಿ, ಸರಿಯಾಗಿ ಮೋಹನನ ಕಣ್ಣಿನ ಎತ್ತರಕ್ಕೆ, ಬೆಂಕಿಪೊಟ್ಟಣದಷ್ಟು ಒಂದು ಚೌಕವಿತ್ತು. ಇಳಿಬಿಸಿಲು ಹಿಂದಿನಿಂದ ಬಿದ್ದು ಅಕ್ಷರಗಳು ಚೆನ್ನಾಗಿ ಕಪ್ಪಗೆ ಕಾಣುತ್ತಿದ್ದವು: ಇಂದು ವಿದ್ಯುತ್ ನಿಲುಗಡೆ, ಬನ್ನಿಮಂಟಪ ಮತ್ತು ಸುತ್ತಮುತ್ತ.