ಕೆಂಪು ಕಟ್ಟಿನ ಹನ್ನೆರಡು ಎಲೆಗಳು

ಬುಧವಾರ ಸಂಜೆ ಕ್ಲಬ್ಬಿನ ಬಾಗಿಲು ಹಾಕುವ ಮುಂಚೆ, ಎಲೆ ಹಂಚುವಾಕೆ ದಿನದ ರೂಢಿಯಂತೆ ಇಸ್ಪೀಟು ಕಟ್ಟುಗಳ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ನೀಲಿ ಕಟ್ಟು ಸರಿಯಾಗಿತ್ತು. ಕೆಂಪು ಕಟ್ಟಿನ ನಾಲ್ಕನೆಯ ಎಲೆಗೇ ಅವಳ ಬೆರಳು ನಿಂತಿತು. ಮೂಲೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಉಬ್ಬು. ತಿರುವಿ ನೋಡಿದರೆ ಎಕ್ಕ. ಹುಡುಕುತ್ತ ಹೋದಂತೆ ಅಂಥವು ಹನ್ನೆರಡು ಸಿಕ್ಕವು: ನಾಲ್ಕು ಎಕ್ಕ, ನಾಲ್ಕು ರಾಜ, ನಾಲ್ಕು ರಾಣಿ. ಯಾರೋ ಮುಖದ ಕಡೆಯಿಂದ ಪಿನ್ನು ಚುಚ್ಚಿ ಬೆನ್ನಿಗೆ ಗುರುತು ಮೂಡಿಸಿದ್ದರು.

ಕ್ಲಬ್ಬಿನ ಕಾರ್ಯದರ್ಶಿ ಬಾಗಿಲಿಗೆ ಅಡ್ಡ ನಿಂತು ಎಲ್ಲರ ಜೇಬು ನೋಡಿಸಿದರು. ಗೂಟಕ್ಕೆ ನೇತುಹಾಕಿದ್ದ ಪ್ರೂಫಣ್ಣನ ಕೋಟಿನ ಜೇಬಿನಲ್ಲಿ ಪಿನ್ನು ಸಿಕ್ಕಿತು.

ಪ್ರೂಫಣ್ಣ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಕ್ಲಬ್ಬಿದ್ದ ಕಟ್ಟಡದ ಮೇಲಂತಸ್ತಿನ ಎರಡು ಕೋಣೆಗಳಲ್ಲಿ, ತೀರಿಕೊಂಡ ಅಣ್ಣನ ಹೆಂಡತಿಯ ಜೊತೆ ಇದ್ದ. ಮಧ್ಯಾಹ್ನ ಎರಡಕ್ಕೆ ಮೆಟ್ಟಿಲಿಳಿದು ಕ್ಲಬ್ಬಿಗೆ ಹೋಗುವುದು, ಆರಕ್ಕೆ ಹತ್ತಿ ಬರುವುದು, ಇದಿಷ್ಟು ಬಿಟ್ಟರೆ ಅವನ ದಿನದಲ್ಲಿ ಬೇರೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಆಡಿದ್ದು ಲಿಮಿಟ್ ಪೋಕರ್. ಆ ಆಟದಲ್ಲಿ ಒಂದು ಸಲಕ್ಕೆ ಪಣಕ್ಕಿಡುವ ಬಿಲ್ಲೆ ಇಷ್ಟೇ ಎಂದು ಮಿತಿ ಇರುತ್ತದೆ. ಎಷ್ಟೇ ಒಳ್ಳೆಯ ಎಲೆ ಬಂದರೂ ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಲೆಕ್ಕಾಚಾರದ, ಸಂಸಾರಸ್ಥರ ಆಟ. ಆದರೆ ಆ ಮೇಜಿನಲ್ಲಿದ್ದ ಆರು ಜನರಲ್ಲಿ ಇಬ್ಬರು ಸತ್ತರು, ಇಬ್ಬರು ಮಕ್ಕಳಿದ್ದ ಊರಿಗೆ ಹೋದರು. ಉಳಿದದ್ದು ಪ್ರೂಫಣ್ಣ ಮತ್ತು ಹಲ್ಲಿನ ಡಾಕ್ಟರು. ಉಳಿದ ಕ್ಲಬ್ಬೆಲ್ಲ ನೋ-ಲಿಮಿಟ್‌ಗೆ ಬಿದ್ದಿತ್ತು. ಅದರಲ್ಲಿ ಮಿತಿಯೇ ಇಲ್ಲ, ಮನಸ್ಸಾದರೆ ಮುಂದಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ನೂಕಬಹುದು.

ಎರಡು ತಿಂಗಳ ಹಿಂದೆ ಪ್ರೂಫಣ್ಣ ಆ ಆಟ ಕಲಿಯಲು ಹೊರಟ. ಕಲಿಕೆಗೆ ಕೈ ಸುಟ್ಟುಕೊಳ್ಳಬಾರದೆಂದು ಕಿಟಕಿ ಪಕ್ಕದ ಎಲ್ಲಕ್ಕಿಂತ ಅಗ್ಗದ ಮೇಜನ್ನೇ ಹಿಡಿದ. ಕೊಳ್ಳಬಹುದಾದ ಅತಿ ಕಡಿಮೆ ಬಿಲ್ಲೆ ಕೊಂಡ. ಅವು ಮುಗಿದರೆ ಅಂದಿಗೆ ಎದ್ದ. ಆದರೆ ಹಳೆಯ ಕೈ ಮಾತು ಕೇಳಬೇಕಲ್ಲ! ಎಲೆ ಚಿನ್ನದಂತಿದ್ದರೂ ಎರಡು ಬಿಲ್ಲೆ, ಕಸದಂತಿದ್ದರೂ ಎರಡು ಬಿಲ್ಲೆ. ಮೇಜಿನವರು ಅವನು ಬಂದಾಗಲೆಲ್ಲ ಎರಡು ಬೆರಳೆತ್ತಿ ನಮಸ್ಕಾರ ಮಾಡುತ್ತಿದ್ದರು. ಅಂಥ ಮನುಷ್ಯ ಈ ಬುಧವಾರ, ಚಹಾಕ್ಕೆ ಮುಂಚಿನ ಕೊನೆಯ ಆಟದಲ್ಲಿ, ಇದ್ದಬದ್ದ ಬಿಲ್ಲೆಗಳನ್ನೆಲ್ಲ ನೂಕಿದ್ದ. ಎದುರಿಗಿದ್ದ ಔಷಧಿ ಅಂಗಡಿಯವರು ತುಂಬ ಹೊತ್ತು ಯೋಚಿಸಿ, ತಮ್ಮ ಎಲೆ ಯಾರಿಗೂ ತೋರಿಸದೆ ಬಿಸಾಡಿ ಸೋಲೊಪ್ಪಿದ್ದರು.

"ಈಗ ಗೊತ್ತಾಯ್ತು ಧೈರ್ಯ ಎಲ್ಲಿಂದ ಬಂತು ಅಂತ!" ಔಷಧಿ ಅಂಗಡಿಯವರು ಕೂಗಾಡಿದರು. "ಎರಡು ಬಿಲ್ಲೆಯವನು ಸುಮ್‌ಸುಮ್ನೆ ಎಲ್ಲಾ ನೂಕ್ತಾನಾ?"

"ನಾನು ಚುಚ್ಚಿಲ್ಲ," ಎಂದ ಪ್ರೂಫಣ್ಣ.

"ನಾಳೆ ಮೂರು ಗಂಟೆಗೆ ಸಭೆ," ಎಂದರು ಕಾರ್ಯದರ್ಶಿ. "ತಪ್ಪು ಅಂತಾದ್ರೆ ಸದಸ್ಯತ್ವ ರದ್ದು. ಕ್ಲಬ್ಬಿನ ಮೆಟ್ಟಿಲು ಹತ್ತೋ ಹಾಗಿಲ್ಲ."

"ಅಷ್ಟೊಂದು ಯಾಕ್ರೀ?" ಹಲ್ಲಿನ ಡಾಕ್ಟರು ಗಾಬರಿಯಿಂದ ಎದ್ದುನಿಂತರು. "ಆ ಮೇಜಿಗೆ ಬರಬೇಡ ಅಂದ್ರೆ ಸಾಕಪ್ಪ. ಹಳೇ ಸದಸ್ಯ."

ಆ ಕೋಣೆಯಲ್ಲಿ ಅವನ ಪರವಾಗಿ ಬಾಯಿಬಿಟ್ಟವರು ಅವರೊಬ್ಬರೇ. ಪ್ರೂಫಣ್ಣನ ಕಣ್ಣು ತುಂಬಿಬಂತು.

ಮೇಲಂತಸ್ತಿನಲ್ಲಿ ಅತ್ತಿಗೆ ಬಟಾಣಿ ಬಿಡಿಸುತ್ತ ಕೂತಿದ್ದರು. ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಬೀದಿಯಲ್ಲಿ ಎಲ್ಲರೂ ಕರೆಯುವುದು ತಕ್ಕಡಿ ಮೇಡಂ ಎಂದೇ. ಲಾಂಡ್ರಿಯಲ್ಲಿ ಮಾಯವಾಗುತ್ತಿದ್ದ ಕೋಟುಗಳನ್ನೂ, ಕೆಳಮನೆಯ ಮುದುಕಿಯ ಸುಳ್ಳು ಉಯಿಲನ್ನೂ ಪತ್ತೆ ಹಚ್ಚಿದವರು ಅವರೇ. ಆ ಪ್ರಕರಣಗಳಲ್ಲಿ ಪ್ರೂಫಣ್ಣ ಚೀಲ ಹಿಡಿದು ಹಿಂದೆ ಓಡಾಡಿದ್ದ. ತನ್ನದೇ ಪ್ರಕರಣ ಹಿಡಿದು ಅವರ ಮುಂದೆ ಕೂರುವುದು ಅವನಿಗೆ ಅವಮಾನವೆನಿಸಿತು.

"ಅಳಬೇಡ. ಬಟಾಣಿ ಬಿಡಿಸ್ತಾ ಹೇಳು," ಎಂದರು ಅತ್ತಿಗೆ. "ನಿನ್ನ ಕೈಯಲ್ಲಿ ಏನಿತ್ತು?"

"ಹತ್ತರ ಜೋಡಿ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ: ರಾಜ, ಒಂಬತ್ತು, ಏಳು, ನಾಲ್ಕು, ಎರಡು."

"ಎದುರಿನವರ ಹತ್ರ ಇನ್ನೊಂದು ರಾಜ ಇದ್ದಿದ್ರೆ?"

"ಅವರದ್ದು ರಾಜನ ಜೋಡಿ ಆಗಿ ನಾನು ಸೋತು ಸುಣ್ಣ ಆಗ್ತಿದ್ದೆ. ಆದ್ರೆ ಅತ್ತಿಗೆ, ಈ ಆಟದಲ್ಲಿ ಎಲೆ ದೊಡ್ಡದಿರಬೇಕು ಅಂತಿಲ್ಲ. ನೂಕೋದು ದೊಡ್ಡದಾದ್ರೆ ಎದುರಿನವರು ಹೆದರಿ ಬಿಡ್ತಾರೆ. ಲಿಮಿಟ್‌ನಲ್ಲಿ ಹಾಗಾಗಲ್ಲ. ಇನ್ನೆರಡು ಬಿಲ್ಲೆ ತಾನೆ ಅಂತ ಎಲ್ಲರೂ ಕೊನೇವರೆಗೂ ಬಂದೇ ಬರ್ತಾರೆ. ಎರಡು ತಿಂಗಳಲ್ಲಿ ನಾನು ಕಲ್ತ ಮೊದಲನೇ ಪಾಠ ಅದು. ಅದನ್ನೇ ಕಳ್ಳತನ ಅಂದ್ಬಿಟ್ರು."

ಅತ್ತಿಗೆ ಬಟಾಣಿಯನ್ನು ಪಕ್ಕಕ್ಕಿಟ್ಟರು. "ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ಯಾರಿಗೆ ಹೇಳ್ಲಿ?"

ಮರುದಿನ ಬೆಳಿಗ್ಗೆ ಅತ್ತಿಗೆ ಚೀಲವನ್ನು ಅವನ ಕೈಗೆ ಕೊಟ್ಟು ಕ್ಲಬ್ಬಿಗಿಳಿದರು. ಎಲೆ ಹಂಚುವಾಕೆ ಮೇಜು ಒರೆಸುತ್ತಿದ್ದಳು. ಕಿಟಕಿಯ ಮೇಜಿಗೂ ಲಿಮಿಟ್ ಮೇಜಿಗೂ ನಡುವೆ ನಾಲ್ಕು ಹೆಜ್ಜೆ. ಕೋಟಿನ ಗೂಟಗಳು ಲಿಮಿಟ್ ಮೇಜಿನ ಹಿಂದಿನ ಗೋಡೆಗೆ. ಪಕ್ಕದಲ್ಲಿ ಸೂಚನಾ ಫಲಕ. ಅದರಲ್ಲೊಂದು ಕಾಗದ ಮೂರೇ ಪಿನ್ನುಗಳಲ್ಲಿ ತೂಗಾಡುತ್ತಿತ್ತು. 'ಆಡುವವರು ಇಬ್ಬರಾದರೂ ಸಹಿ ಹಾಕದಿದ್ದಲ್ಲಿ ಲಿಮಿಟ್ ಮೇಜನ್ನು ಶನಿವಾರ ತೆಗೆಯಲಾಗುವುದು. ಆ ಮೇಜಿನ ಬಿಲ್ಲೆ, ಹಸಿರು ಎಲೆಗಳನ್ನು ಸೋಮವಾರವೇ ಬೀರುವಿನಲ್ಲಿಡಲಾಗಿದೆ.' ಕೆಳಗೆ ಒಂದೇ ಒಂದು ಸಹಿ, ಡಾಕ್ಟರದ್ದು.

"ನೀನ್ಯಾಕೆ ಹಾಕಿಲ್ಲ?" ಅತ್ತಿಗೆ ಕೇಳಿದರು.

"ಸೋಮವಾರ ಡಾಕ್ಟರು ಕೇಳಿದ್ರು. ನೋಡೋಣ ಅಂದೆ," ಎಂದ ಪ್ರೂಫಣ್ಣ.

ಎಲೆ ಹಂಚುವಾಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮಂಗಳವಾರ ಸಂಜೆ ಕೆಂಪು ಕಟ್ಟಿನಲ್ಲಿ ಒಂದು ಉಬ್ಬೂ ಇರಲಿಲ್ಲ. ಬುಧವಾರ ಚಹಾದವರೆಗೆ ಅದು ಆಟದಲ್ಲಿತ್ತು. ಚಹಾಕ್ಕೆ ಏಳುವಾಗ ಅದನ್ನು ಡಬ್ಬಿಯಲ್ಲಿ ಹಾಕಿ ಪಕ್ಕದ ಲಿಮಿಟ್ ಮೇಜಿನ ಮೇಲಿಟ್ಟಳು. ಆಮೇಲೆ ಆಡಿದ್ದು ನೀಲಿ ಕಟ್ಟಿನಲ್ಲಿ. ಆಗ ಕೆಂಪು ಡಬ್ಬಿ ಅವಳ ಕಾಲ ಬುಡದಲ್ಲಿತ್ತು.

"ಚಹಾದ ಹೊತ್ತಲ್ಲಿ ಒಳಗೆ ಯಾರಿದ್ರಮ್ಮ?"

"ಯಾರೂ ಇರ್ಲಿಲ್ಲ ಮೇಡಂ. ಎಲ್ಲಾ ಜಗುಲೀಲಿದ್ರು. ಔಷಧಿ ಅಂಗಡಿಯವರು ಅಂಗಡಿ ನೋಡ್ಕೊಂಡು ಬರ್ತೀನಿ ಅಂತ ಕೆಳಗೆ ಹೋದ್ರು. ಡಾಕ್ಟರು ಎಂದಿನ ಹಾಗೆ ಒಬ್ಬರೇ ಪೇಷೆನ್ಸ್ ಆಟ ಹರಡ್ಕೊಂಡು ಕೂತಿದ್ರು. ಅಷ್ಟೇ."

ಅತ್ತಿಗೆ "ಹೂಂ" ಎಂದರು. ಅವರ ಹೂಂಕಾರದ ಅರ್ಥ ಪ್ರೂಫಣ್ಣನಿಗೆ ಗೊತ್ತಿತ್ತು: ತಕ್ಕಡಿಯ ಒಂದು ತಟ್ಟೆ ಇಳಿದಿದೆ. ಯಾವ ತಟ್ಟೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಮೂರಕ್ಕೆ ಎಲ್ಲರೂ ಸೇರಿದರು. ಪ್ರೂಫಣ್ಣ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ.

ಅತ್ತಿಗೆ ಔಷಧಿ ಅಂಗಡಿಯವರತ್ತ ತಿರುಗಿದರು. "ನೀವು ಬಿಸಾಡಿದ್ದು ಯಾವ ಎಲೆ?"

"ಯಾವುದೋ ಚಿಲ್ಲರೆ."

"ಚಿಲ್ಲರೆಗೆ ಅಷ್ಟೊಂದು ಹೊತ್ತು ಯೋಚಿಸಿದ್ರಾ? ಹೇಳಿ ಸ್ವಾಮಿ, ಒಬ್ಬರ ಮಾನದ ಪ್ರಶ್ನೆ. ಹೆದರಿ ಬಿಟ್ಟಿದ್ದು ಅಪರಾಧ ಅಲ್ಲ."

ಅವರು ಕಿವಿಯವರೆಗೆ ಕೆಂಪಾದರು. "ರಾಜ, ಗುಲಾಮ," ಎಂದರು ಕೊನೆಗೆ. "ಎರಡು ಬಿಲ್ಲೆಯವನು ಎಲ್ಲಾ ನೂಕಿದ್ದಾನೆ ಅಂದ್ರೆ ಇನ್ನೂ ದೊಡ್ಡದಿದೆ ಅಂದ್ಕೊಂಡೆ."

"ಅಂದ್ರೆ ಗೆಲ್ಲೋ ಎಲೆ ನಿಮ್ಮದು. ಇವನ ಹತ್ರ ಇದ್ದದ್ದು ಬರೀ ಹತ್ತರ ಜೋಡಿ. ಈಗ ಯೋಚಿಸಿ, ರಾಜನ ಬೆನ್ನಿಗೆ ಗುರುತಿದೆ. ಗುರುತು ಓದೋನಾಗಿದ್ರೆ ನಿಮ್ಮ ಕೈಲಿ ದೊಡ್ಡ ಎಲೆ ಇದೆ ಅಂತ ಇವನಿಗೆ ಕಾಣ್ತಿತ್ತು. ಮೇಜಿನ ಮೇಲೆ ಬೇರೆ ರಾಜ ಬಿದ್ದಿದ್ದಾನೆ. ಅಂಥಾ ಹೊತ್ತಲ್ಲಿ ಯಾವ ಕಳ್ಳ ಸೋಲೋ ಎಲೆ ಹಿಡ್ಕೊಂಡು ಇದ್ದದ್ದನ್ನೆಲ್ಲ ನೂಕ್ತಾನೆ? ಗುರುತು ಓದಿದ್ರೆ ಇವನು ನಿನ್ನೇನೂ ಎರಡೇ ಬಿಲ್ಲೆ ಇಡ್ತಿದ್ದ. ಆ ಆಟ ಆಡಿದಾಗ ಎಲೆ ಮೇಲೆ ಗುರುತೇ ಇರ್ಲಿಲ್ಲ. ಚುಚ್ಚಿದ್ದು ಆಮೇಲೆ, ಚಹಾದ ಹೊತ್ತಲ್ಲಿ."

ಕೋಣೆಯಲ್ಲಿ ಗುಸುಗುಸು ಎದ್ದಿತು.

"ಚುಚ್ಚಿದವರು ಮಾಡಿದ ತಪ್ಪೊಂದಿದೆ. ದೊಡ್ಡದಾಗಿ ನೂಕಿದ್ದಾನೆ ಅಂದ್ರೆ ಗೆಲ್ಲೋದು ಗೊತ್ತಿತ್ತು ಅಂತ ಅವರು ನಂಬಿದ್ರು. ಲೋಕವೂ ನಂಬುತ್ತೆ ಅಂದ್ಕೊಂಡ್ರು. ಹೆದರಿಸೋಕೆ ನೂಕಿರಬಹುದು ಅಂತ ಅವರ ತಲೆಗೇ ಹೊಳೀಲಿಲ್ಲ. ಜೀವನ ಪೂರ್ತಿ ಲಿಮಿಟ್ ಆಡಿದವರು ಮಾತ್ರ ಮಾಡೋ ತಪ್ಪು ಅದು." ಅತ್ತಿಗೆ ಎಲೆ ಹಂಚುವಾಕೆಯ ಕಡೆ ನೋಡಿದರು. "ಡಾಕ್ಟರು ಹರಡಿಕೊಂಡಿದ್ದ ಎಲೆಗಳ ಬೆನ್ನು ಯಾವ ಬಣ್ಣ?"

ಅವಳು ಕಣ್ಣುಮುಚ್ಚಿ ನೆನಪಿಸಿಕೊಂಡಳು. "ಕೆಂಪು," ಎಂದವಳೇ ಬಾಯಿಗೆ ಕೈ ಇಟ್ಟುಕೊಂಡಳು.

"ಲಿಮಿಟ್ ಮೇಜಿನ ಎಲೆ ಹಸಿರು, ಅವು ಸೋಮವಾರದಿಂದ ಬೀರುವಿನಲ್ಲಿ. ಹೊರಗಿನ ಕಟ್ಟು ಒಳಗೆ ತರೋ ಹಾಗಿಲ್ಲ. ಎಲ್ಲರ ಕಣ್ಣೆದುರಿಗೇ ಎಕ್ಕ, ರಾಜ, ರಾಣಿ ಒಂದೊಂದಾಗಿ ಆರಿಸಿ ಚುಚ್ಚಿದ್ರೂ ಯಾರೂ ನೋಡ್ಲಿಲ್ಲ. ಯಾಕೆ? ಒಬ್ಬನೇ ಕೂತು ಆಡೋನ ಕಡೆ ಯಾರು ನೋಡ್ತಾರೆ? ಪಿನ್ನು ಪಕ್ಕದ ಫಲಕದ್ದು, ಕೋಟು ಬೆನ್ನ ಹಿಂದೆ. ಸದಸ್ಯತ್ವ ರದ್ದು ಅಂದಾಗ ಬೆಚ್ಚಿಬಿದ್ದೋರು ಒಬ್ಬರೇ. ಆ ಮೇಜಿಂದ ಎಬ್ಬಿಸಿದ್ರೆ ಸಾಕಾಗಿತ್ತು ಅವರಿಗೆ."

ಡಾಕ್ಟರು ತಲೆಯೆತ್ತಲಿಲ್ಲ.

"ಆ ಮೇಜಿಂದ ಎಬ್ಬಿಸಿದ್ರೆ ನನ್ನ ಮೇಜಿಗೆ ಬರ್ತಾನೆ ಅಂದ್ಕೊಂಡೆ," ಎಂದರು. "ಎರಡು ತಿಂಗಳಿಂದ ಒಬ್ಬನೇ ಕೂತಿದ್ದೀನಿ. ಹೊರಗೇ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ. ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ."

ಕಾರ್ಯದರ್ಶಿ ನಿಯಮ ಓದಿದರು. ಪ್ರೂಫಣ್ಣ ನಿರಪರಾಧಿ, ಡಾಕ್ಟರ ಸದಸ್ಯತ್ವ ರದ್ದು. ಡಾಕ್ಟರು ಸದಸ್ಯತ್ವದ ಚೀಟಿಯನ್ನು ಮೇಜಿನ ಮೇಲಿಟ್ಟು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಔಷಧಿ ಅಂಗಡಿಯವರು ಕ್ಷಮೆ ಕೇಳಿದರು. ಕಿಟಕಿಯ ಮೇಜಿನವರು ಕುರ್ಚಿ ಎಳೆದು ಬಾ ಎಂದರು. ಪ್ರೂಫಣ್ಣನಿಗೆ ಬೇಕಾದದ್ದೆಲ್ಲ ಮರಳಿ ಸಿಕ್ಕಿತ್ತು. ಆದರೂ ಅವನು ಕೂರಲಿಲ್ಲ.

"ಅತ್ತಿಗೆ, ಡಾಕ್ಟರು ಎದುರಿಗೇ ಕೂತಿದ್ರು," ಎಂದ. "ಜಗುಲಿಯಿಂದ ಕಾಣ್ತಿದ್ರು. ಎಲೆ ಬಣ್ಣ ನಾನೂ ನೋಡ್ಲಿಲ್ಲ."

"ಅದನ್ನ ನನಗ್ಯಾಕೆ ಹೇಳ್ತೀಯ?" ಎಂದರು ಅತ್ತಿಗೆ, ಚೀಲವನ್ನು ಅವನ ಕೈಯಿಂದ ಇಸಿದುಕೊಳ್ಳುತ್ತ.

ಬಸ್ ನಿಲ್ದಾಣದಲ್ಲಿ ಡಾಕ್ಟರು ಬೆಂಚಿನ ತುದಿಯಲ್ಲಿ ಕೂತಿದ್ದರು. ಪ್ರೂಫಣ್ಣ ಬಂದು ಇನ್ನೊಂದು ತುದಿಯಲ್ಲಿ ಕೂತ. ಕೋಪ ಇತ್ತು, ಅದು ಸುಳ್ಳಲ್ಲ. ಒಂದು ರಾತ್ರಿಯೆಲ್ಲ ಕಳ್ಳನಾಗಿ ಮಲಗಿದ್ದ ಅವನು.

"ಬೈಯೋದಿದ್ರೆ ಬೈದುಬಿಡು," ಎಂದರು ಡಾಕ್ಟರು.

"ಬೈಬೇಕು ಅಂತಾನೇ ಬಂದೆ."

ಒಂದು ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಕದಲಲಿಲ್ಲ.

"ಹತ್ತರ ಜೋಡಿ ಇಟ್ಕೊಂಡು ಎಲ್ಲಾ ನೂಕಿದ್ಯಾ?" ಡಾಕ್ಟರು ರಸ್ತೆ ನೋಡುತ್ತಲೇ ಕೇಳಿದರು. "ಹೇಗನ್ನಿಸ್ತೋ?"

ಆ ಆಟದ ಬಗ್ಗೆ ಎರಡು ತಿಂಗಳಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. "ಕಣ್ಣುಮುಚ್ಚಿ ಬಾವಿಗೆ ಹಾರಿದ ಹಾಗಾಯ್ತು ಕಣೋ. ಅವರು ಎಲೆ ಬಿಸಾಡಿದ ಮೇಲೂ ನಂಬಿಕೆ ಬರ್ಲಿಲ್ಲ. ನಿನಗೆ ಹೇಳ್ಬೇಕು ಅನ್ನಿಸ್ತು. ಚಹಾ ಆರುತ್ತೆ ಅಂತ ಆಚೆ ಹೋದೆ."

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

"ಇನ್ಮೇಲೆ ಮಧ್ಯಾಹ್ನಗಳನ್ನ ಏನು ಮಾಡ್ಲಿ?" ಎಂದರು ಕೊನೆಗೆ.

ಮುಂದಿನ ಬಸ್ಸು ಬಂದಾಗ ಡಾಕ್ಟರು ಎದ್ದರು. ಪ್ರೂಫಣ್ಣನ ಮನೆ ಇದ್ದದ್ದು ಹಿಂದಿನ ಬೀದಿಯಲ್ಲೇ, ಕ್ಲಬ್ಬಿನ ಮೇಲೆ. ಯಾವ ಬಸ್ಸೂ ಬೇಕಿರಲಿಲ್ಲ. ಆದರೂ ಹಿಂದೆಯೇ ಹತ್ತಿ, ಕಂಡಕ್ಟರ್ ಕೈ ಚಾಚಿದಾಗ, ಡಾಕ್ಟರ ನಿಲ್ದಾಣದ ಹೆಸರು ಹೇಳಿ ಎರಡು ಟಿಕೆಟ್ ಕೇಳಿದ.